ಒಮ್ಮೆ ಒಪ್ಪಿಸಿದ ಮೇಲೂ ದಿನಾ ಒಪ್ಪಿಸುವುದು

ಸ್ಮುರ್ನದ ವೃದ್ಧ ಬಿಷಪ್ ಪಾಲಿಕಾರ್ಪ್ ಅವರನ್ನು ಹಿಡಿಯಲು ಸೈನಿಕರು ಊರಾಚೆಯ ತೋಟದ ಮನೆಗೆ ಬಂದದ್ದು ಸುಮಾರು ಕ್ರಿ.ಶ. 155ರಲ್ಲಿ. ಇಂದಿನ ಟರ್ಕಿಯ ಇಜ್ಮಿರ್ ನಗರವೇ ಅಂದಿನ ಸ್ಮುರ್ನ. ಬಂದವರಿಗೆ ಊಟ ಬಡಿಸಿ ಎಂದು ಮನೆಯವರಿಗೆ ಹೇಳಿದ ಪಾಲಿಕಾರ್ಪ್, ತಮ್ಮ ಪ್ರಾರ್ಥನೆಗೆ ಒಂದು ತಾಸು ಬಿಡುವು ಕೇಳಿದರು. ಪ್ರಾರ್ಥನೆ ಎರಡು ತಾಸು ನಡೆಯಿತು. ನಗರದ ದಾರಿಯಲ್ಲಿ ಅಧಿಕಾರಿಯೊಬ್ಬ ಅವರನ್ನು ತನ್ನ ಗಾಡಿಗೆ ಹತ್ತಿಸಿಕೊಂಡು, ಚಕ್ರವರ್ತಿಯೇ ಒಡೆಯನೆಂದು ಒಂದು ಮಾತು ಹೇಳಿ ಧೂಪ ಹಾಕಿಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ಪುಸಲಾಯಿಸಿದ. ಒಪ್ಪದೇ ಹೋದಾಗ ಅವರನ್ನು ಗಾಡಿಯಿಂದ ಕೆಳಕ್ಕೆ ದಬ್ಬಿದರು, ಕಣಕಾಲು ತರಚಿತು. ಪಾಲಿಕಾರ್ಪ್ ಏನೂ ಆಗದವರಂತೆ ಎದ್ದು ಬಿರಬಿರನೆ ನಡೆದರು. ತಾವು 86 ವರ್ಷ ಕ್ರಿಸ್ತನ ಸೇವೆ ಮಾಡಿದ್ದೇವೆ, ಆತ ತಮಗೆ ಒಂದು ಕೇಡನ್ನೂ ಮಾಡಿಲ್ಲ ಎಂಬುದು ಕ್ರೀಡಾಂಗಣದಲ್ಲಿ ಅವರು ಕೊಟ್ಟ ಉತ್ತರದ ಸಾರ. ಸ್ಮುರ್ನದ ಸಭೆಯವರು ಫಿಲೊಮೇಲಿಯಮ್‌ನ ಸಭೆಗೆ ಬರೆದ ಪತ್ರದಲ್ಲಿ ಇದೆಲ್ಲ ದಾಖಲಾಗಿದೆ.

ಆ ಪತ್ರ ಓದುವವರ ಗಮನ ಹೆಚ್ಚಾಗಿ ಅವರನ್ನು ಸುಡಲು ಹೊತ್ತಿಸಿದ ಬೆಂಕಿಯ ಕಡೆಗೇ ಹೋಗುತ್ತದೆ. ಆದರೆ 86 ವರ್ಷಗಳನ್ನು ಬಿಟ್ಟು ಆ ಒಂದು ದಿನವನ್ನು ಮಾತ್ರ ನೋಡಿದರೆ ಏನೂ ತಿಳಿಯದು. ಯೇಸುವನ್ನು ಕರ್ತನೆಂದು ಒಪ್ಪಿಕೊಳ್ಳುವುದು ಒಂದು ಗಳಿಗೆಯ ನಿರ್ಧಾರವೇ, ದಿನದಿನದ ಅಭ್ಯಾಸವೇ ಎಂಬ ಪ್ರಶ್ನೆ ಎರಡು ಸಾವಿರ ವರ್ಷಗಳಿಂದ ಕ್ರೈಸ್ತ ಸಭೆಯ ಜೊತೆಗೇ ನಡೆದು ಬಂದಿದೆ. ಒಂದೇ ಸಲಕ್ಕೆ ಎಲ್ಲ ಒಪ್ಪಿಸಿಬಿಡಿ ಎಂದು ಕರೆಕೊಟ್ಟ ಪ್ರತಿಯೊಂದು ಚಳವಳಿಯೂ ಸ್ವಲ್ಪ ಕಾಲದಲ್ಲೇ ದಿನದ ಲೆಕ್ಕಕ್ಕೆ ಇಳಿಯಬೇಕಾಯಿತು. ಈ ಇತಿಹಾಸದಲ್ಲಿ ಎದ್ದು ಕಾಣುವ ಸಂಗತಿ ಅದೇ.

ಪೌಲನ ಪತ್ರಗಳ ಹೊತ್ತಿಗೆ, ಅಂದರೆ ಮೊದಲನೆಯ ಶತಮಾನದ ಐವತ್ತರ ದಶಕಕ್ಕೇ, ಯೇಸುವೇ ಕರ್ತನೆಂಬ ಅರಿಕೆ ಸಭೆಗಳಲ್ಲಿ ನೆಲೆಯೂರಿತ್ತು. ಶಿಲುಬೆ ಹೊತ್ತು ಹಿಂಬಾಲಿಸುವ ಕರೆ ಮಾರ್ಕ, ಮತ್ತಾಯ, ಲೂಕ ಮೂವರಲ್ಲೂ ಇದೆ. ಅದನ್ನು ಪ್ರತಿದಿನದ ಕೆಲಸವೆಂದು ಹೇಳುವವನು ಲೂಕನೊಬ್ಬನೇ. ಆ ಪ್ರತಿದಿನ ಹೇಗಿತ್ತು ಎಂಬುದಕ್ಕೆ ಹೊರಗಿನವನೊಬ್ಬನ ಸಾಕ್ಷ್ಯ ಸಿಗುತ್ತದೆ. ಸುಮಾರು 112ರಲ್ಲಿ ಬಿಥೂನ್ಯ ಪ್ರಾಂತ್ಯದ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ವರದಿ ಕಳಿಸಿದ. ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮುನ್ನ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಆಮೇಲೆ ಆಣೆ ಮಾಡುತ್ತಾರೆ. ಆ ಆಣೆ ಯಾವ ಪಿತೂರಿಯದೂ ಅಲ್ಲ. ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಹಣವನ್ನು ಇಲ್ಲವೆನ್ನುವುದಿಲ್ಲ ಎಂಬುದೇ. ಕರ್ತನ ಒಡೆತನ ಅವರ ಪಾಲಿಗೆ ಸಂತೆಯಲ್ಲೂ ಸಾಲದ ಪತ್ರದಲ್ಲೂ ಕಾಣಬೇಕಾದ ಸಂಗತಿಯಾಗಿತ್ತು.

313ರ ನಂತರ ರೋಮ್ ಸಾಮ್ರಾಜ್ಯ ಕ್ರೈಸ್ತ ಸಭೆಯ ಜೊತೆ ಸ್ನೇಹ ಬೆಳೆಸಿತು. ಹುತಾತ್ಮರಾಗುವ ಸಂದರ್ಭ ಕಡಿಮೆಯಾಗುತ್ತಿದ್ದಂತೆ ಈಜಿಪ್ಟಿನ ಮರುಭೂಮಿ ತುಂಬತೊಡಗಿತು. ಅಲ್ಲಿಯ ಅಂತೋಣಿ ಅವರಂಥ ಸಂನ್ಯಾಸಿಗಳು ಪ್ರತಿದಿನ ಸಾಯುವವರಂತೆ ಬದುಕುವುದನ್ನು ಸಾಧನೆಯಾಗಿ ಹಿಡಿದರು. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ಈ ಹಂಬಲಕ್ಕೆ ಒಂದು ವೇಳಾಪಟ್ಟಿ ಕೊಟ್ಟರು: ವಾರಕ್ಕೆ 150 ಕೀರ್ತನೆಗಳು, ಗೊತ್ತಾದ ಹೊತ್ತಿಗೆ ಪ್ರಾರ್ಥನೆ, ನಡುವೆ ಕೈಕೆಲಸ. ಅವರ ನಿಯಮದ 13ನೆಯ ಅಧ್ಯಾಯದಲ್ಲಿ ಒಂದು ಸೂಕ್ಷ್ಮ ಏರ್ಪಾಡಿದೆ. ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯ ಕೊನೆಗೆ ಮಠದ ಹಿರಿಯರು ಕರ್ತನ ಪ್ರಾರ್ಥನೆಯನ್ನು ಪೂರ್ತಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಬೇಕು. ಕಾರಣ, ಒಟ್ಟಿಗೆ ಬದುಕುವವರ ನಡುವೆ ಮನಸ್ತಾಪದ ಮುಳ್ಳುಗಳು ಏಳುತ್ತಲೇ ಇರುತ್ತವೆ. ಕ್ಷಮಿಸುತ್ತೇವೆ ಎಂದು ಎಲ್ಲರೆದುರು ಮಾತು ಕೊಟ್ಟವರು ಆ ಮುಳ್ಳನ್ನು ಕಿತ್ತು ಹಾಕಲೇಬೇಕು. ದೇವರಿಗೆ ಶರಣಾಗುವುದಕ್ಕೂ ಪಕ್ಕದ ಮಂಚದವನ ಜೊತೆ ರಾಜಿಯಾಗುವುದಕ್ಕೂ ಬೆನೆಡಿಕ್ಟ್ ಹಾಕಿದ ಈ ಗಂಟು ಅವರ ದೊಡ್ಡ ಕೊಡುಗೆ.

ಹದಿನೈದನೆಯ ಶತಮಾನದ ನೆದರ್‌ಲ್ಯಾಂಡ್ಸ್‌ನಲ್ಲಿ ಥಾಮಸ್ ಎ ಕೆಂಪಿಸ್ ಅವರ ಹೆಸರಿನಲ್ಲಿ ಬಂದ ‘ಕ್ರಿಸ್ತಾನುಕರಣೆ’ ಈ ಸಾಧನೆಯನ್ನು ಮಠದ ಗೋಡೆಯಾಚೆಗೆ ದಾಟಿಸಿತು. ಪರಿವ್ರಾಜಕರಾಗಿದ್ದಾಗ ಸ್ವಾಮಿ ವಿವೇಕಾನಂದರು ಗೀತೆಯ ಜೊತೆಗೆ ಇಟ್ಟುಕೊಂಡಿದ್ದ ಪುಸ್ತಕ ಅದು.

ಆದರೆ ದಿನದ ಶರಣಾಗತಿಗೆ ಅತ್ಯಂತ ಖಚಿತ ವಿಧಾನ ಕೊಟ್ಟವರು ಒಬ್ಬ ಗಾಯಾಳು ಸೈನಿಕ. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಇಗ್ನೇಷಿಯಸ್ ಲೊಯೋಲಾ ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ಓದಲು ಸಿಕ್ಕದ್ದು ಕ್ರಿಸ್ತನ ಜೀವನ ಚರಿತ್ರೆ ಮತ್ತು ಸಂತರ ಕಥೆಗಳು. ಮುಂದೆ ಮನ್ರೇಸಾದಲ್ಲಿ ಕಳೆದ ತಿಂಗಳುಗಳ ಅನುಭವ 1548ರಲ್ಲಿ ‘ಆಧ್ಯಾತ್ಮಿಕ ಅಭ್ಯಾಸಗಳು’ ಎಂದು ಅಚ್ಚಾಯಿತು. ಪುಸ್ತಕದ ಕೊನೆಗೆ ಬರುವ ಪ್ರಾರ್ಥನೆಯಲ್ಲಿ ಸಾಧಕ ತನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಇಚ್ಛೆ ಎಲ್ಲವನ್ನೂ ಕರ್ತನ ಕೈಗಿಡುತ್ತಾನೆ. ಆ ಪ್ರಾರ್ಥನೆ ಪ್ರಸಿದ್ಧ. ಪುಸ್ತಕದ ಮೊದಲ ಭಾಗದಲ್ಲಿರುವ ಸಾದಾ ಚಿತ್ರವೊಂದು ಅಷ್ಟು ಪ್ರಸಿದ್ಧವಲ್ಲ.

ವಾರದ ಏಳು ದಿನಕ್ಕೆ ಏಳು ಜೋಡಿ ಗೆರೆಗಳು. ಸಾಧಕ ತಿದ್ದಿಕೊಳ್ಳಬೇಕಾದ ಒಂದೇ ಒಂದು ತಪ್ಪನ್ನು ಆರಿಸಿಕೊಳ್ಳುತ್ತಾನೆ. ಬೆಳಿಗ್ಗೆ ಏಳುತ್ತಲೇ ಅದರ ಬಗ್ಗೆ ಎಚ್ಚರದ ಸಂಕಲ್ಪ. ಮಧ್ಯಾಹ್ನದ ಊಟದ ನಂತರ, ಎದ್ದ ಗಳಿಗೆಯಿಂದ ಆವರೆಗಿನ ತಾಸುಗಳನ್ನು ಒಂದೊಂದಾಗಿ ನೆನೆದು, ಎಷ್ಟು ಸಲ ಎಡವಿದ್ದಾನೋ ಅಷ್ಟು ಚುಕ್ಕೆ ಮೇಲಿನ ಗೆರೆಯ ಮೇಲೆ. ರಾತ್ರಿಯೂಟದ ನಂತರ ಕೆಳಗಿನ ಗೆರೆಯ ಸರದಿ. ಹಗಲಲ್ಲಿ ಎಡವಿದಾಗೆಲ್ಲ ಎದೆಯ ಮೇಲೆ ಕೈಯಿಡಬೇಕು. ಜನರ ನಡುವೆ ಇದ್ದರೂ ಯಾರಿಗೂ ತಿಳಿಯದಂತೆ ಮಾಡಬಹುದಾದದ್ದು ಅದು. ವಾರ ಸರಿದಂತೆ ಚಿತ್ರದ ಗೆರೆಗಳು ಗಿಡ್ಡವಾಗುತ್ತ ಹೋಗುತ್ತವೆ. ಚುಕ್ಕೆಗಳೂ ಕಡಿಮೆಯಾಗಲಿ ಎಂಬ ಆಶೆ ಅಲ್ಲಿದೆ ಎಂದು ವ್ಯಾಖ್ಯಾನಕಾರರು ಓದುತ್ತಾರೆ. ಎಲ್ಲವನ್ನೂ ಒಪ್ಪಿಸುವ ಆ ಮಹಾಪ್ರಾರ್ಥನೆಯನ್ನೂ ಈ ಚುಕ್ಕೆಗಳನ್ನೂ ಒಂದೇ ಪುಸ್ತಕದಲ್ಲಿಟ್ಟದ್ದು ಇಗ್ನೇಷಿಯಸ್ ಅವರ ವಿವೇಕ. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ, ಇಗ್ನೇಷಿಯಸ್ ಅವರೇ ಕಟ್ಟಿದ ಯೇಸುಸಭೆಯ ಪಾದ್ರಿಗಳು ಇದೇ ಅಭ್ಯಾಸದಲ್ಲಿ ಪಳಗಿದವರು. ಅವರು 1880ರಲ್ಲಿ ಕಟ್ಟಿದ ಸಂತ ಅಲೋಶಿಯಸ್ ಕಾಲೇಜನ್ನು ಕರಾವಳಿಯವರೆಲ್ಲ ಬಲ್ಲರು.

ಇಗ್ನೇಷಿಯಸ್ ಅವರ ಕಾಲದ ಜರ್ಮನಿಯಲ್ಲಿ ಲೂಥರ್ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದರು. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಬೇಕು ಎಂಬುದು 1517ರ ಅವರ 95 ವಾದಗಳಲ್ಲಿ ಮೊದಲನೆಯದರ ತಿರುಳು. 1529ರ ಕಿರು ಪ್ರಶ್ನೋತ್ತರಿ ದೀಕ್ಷಾಸ್ನಾನವನ್ನೇ ದಿನಚರಿಯಾಗಿಸಿತು: ನೀರು ಬಿದ್ದದ್ದು ಒಮ್ಮೆ, ಹಳೆಯ ಮನುಷ್ಯ ಮುಳುಗಬೇಕಾದದ್ದು ಪ್ರತಿದಿನ. ಪ್ರಾರ್ಥಿಸುವುದು ಹೇಗೆಂದು ಕೇಳಿದ ತಮ್ಮ ಕ್ಷೌರಿಕ ಪೀಟರ್‌ಗಾಗಿ 1535ರಲ್ಲಿ ಅವರು ಒಂದು ಪುಟ್ಟ ಪುಸ್ತಕವನ್ನೇ ಬರೆದರು.

ಹದಿನೇಳನೆಯ ಶತಮಾನದಲ್ಲಿ ಕಥೆ ಒಂದು ತಿರುವಿನಲ್ಲಿ ದಾರಿ ತಪ್ಪಿತು. ಶರಣಾದವನು ಇಚ್ಛೆಯನ್ನೂ ಪ್ರಯತ್ನವನ್ನೂ ಪೂರಾ ಬಿಟ್ಟು ಸುಮ್ಮನಿರಬೇಕು ಎಂಬತ್ತ ವಾಲಿದ ಮಿಗೆಲ್ ಮೊಲಿನೋಸ್ ಅವರ ಬೋಧನೆಯನ್ನು ರೋಮ್ 1687ರಲ್ಲಿ ಖಂಡಿಸಿತು. ಅದೇ ಕಾಲದಲ್ಲಿ ಪ್ಯಾರಿಸ್‌ನ ಕಾರ್ಮೆಲೈಟ್ ಮಠದ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸ್ ಪಾತ್ರೆಗಳ ನಡುವೆಯೇ ದೇವರ ಸನ್ನಿಧಿ ಕಂಡವರು. ಸುಮ್ಮನಿರುವುದಕ್ಕೂ ಒಪ್ಪಿಸಿ ದುಡಿಯುವುದಕ್ಕೂ ಇರುವ ಅಂತರ ಈ ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟರೆ ಸ್ಪಷ್ಟವಾಗುತ್ತದೆ.

1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ ಜಾನ್ ವೆಸ್ಲಿ ಪ್ಯೂರಿಟನ್ ಲೇಖಕ ರಿಚರ್ಡ್ ಅಲೀನ್ ಅವರ ಒಡಂಬಡಿಕೆಯ ಮಾತುಗಳನ್ನು ಓದಿದಾಗ ಸುಮಾರು 1800 ಜನ ಸಮ್ಮತಿಯಾಗಿ ಎದ್ದು ನಿಂತರು. ಕರ್ತನು ಕೆಲಸಕ್ಕೆ ಹಚ್ಚಿದಾಗಲೂ, ಯಾವ ಕೆಲಸವೂ ಇಲ್ಲದೆ ಬದಿಯಲ್ಲಿ ಕೂರಿಸಿದಾಗಲೂ ಆತನವರಾಗಿಯೇ ಇರುವ ಒಪ್ಪಂದ ಅದು. ಹೀಗೆ ಎದ್ದು ನಿಂತ ಉತ್ಸಾಹ ಮರುವಾರಕ್ಕೆ ಉಳಿಯಲೆಂದು ವೆಸ್ಲಿ ಅವರ ಬಳಿ ಆಗಲೇ ಇನ್ನೊಂದು ಏರ್ಪಾಡಿತ್ತು. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸದಸ್ಯರಿಂದ ವಾರಕ್ಕೊಂದು ಪೆನ್ನಿ ಕೂಡಿಸುವ ಪದ್ಧತಿ ಶುರುವಾಗಿತ್ತು. ಹನ್ನೆರಡು ಜನಕ್ಕೊಬ್ಬ ಮುಂದಾಳು ಮನೆಮನೆಗೆ ಹೋದಾಗ ಒಂದು ಕಡೆ ಗಂಡ ಹೆಂಡತಿಯ ಜಗಳ, ಇನ್ನೊಂದು ಕಡೆ ಕುಡಿತ ಕಣ್ಣಿಗೆ ಬಿತ್ತು. ಹಣ ವಸೂಲಿಯ ಭೇಟಿಯೇ ವಾರಕ್ಕೊಮ್ಮೆ ಆತ್ಮದ ಕ್ಷೇಮ ವಿಚಾರಿಸುವ ಕೂಟವಾಯಿತು. ವೆಸ್ಲಿಯನ್ ಮಿಷನ್ ಬೆಂಗಳೂರು, ಮೈಸೂರು ಸೀಮೆಗೆ ಬಂದದ್ದು ಇದೇ ಪರಂಪರೆಯಿಂದ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಮಿಷನ್ ಜೊತೆಗೆ ಒಡಂಬಡಿಕೆಯ ಆರಾಧನೆಯೂ ಹೊಸ ಸಭೆಯ ಪಾಲಿಗೆ ಬಂತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ ‘ಸಂಪೂರ್ಣ ಸಮರ್ಪಣೆ’ಯ ಕಾಲ. 1875ರಲ್ಲಿ ಇಂಗ್ಲೆಂಡಿನ ಕೆಸಿಕ್ ಊರಿನಲ್ಲಿ ಆರಂಭವಾದ ವಾರ್ಷಿಕ ಸಮಾವೇಶ, ಒಂದು ನಿರ್ಣಾಯಕ ಗಳಿಗೆಯಲ್ಲಿ ಎಲ್ಲವನ್ನೂ ಒಪ್ಪಿಸಿ ಜಯದ ಬದುಕಿಗೆ ಕಾಲಿಡುವಂತೆ ಕರೆಯಿತು. ದಕ್ಷಿಣ ಆಫ್ರಿಕಾದ ಆಂಡ್ರ್ಯೂ ಮರ್ರಿ ಅವರ ಬರಹಗಳು ಆ ಕರೆಯನ್ನು ಲೋಕದ ತುಂಬ ಹಬ್ಬಿಸಿದವು. ಹೀಗೆ ವಿಶ್ವಾಸಿಗಳಲ್ಲೇ ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಎಂಬ ಎರಡು ವರ್ಗ ಹುಟ್ಟುತ್ತದೆ ಎಂದು ಜೆ.ಸಿ. ರೈಲ್, ಆಮೇಲೆ ಅಮೆರಿಕದ ಬಿ.ಬಿ. ವಾರ್‌ಫೀಲ್ಡ್ ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿತ್ತು. ಆದರೂ ಆ ವಲಯದವರ ಬದುಕನ್ನು ಹತ್ತಿರದಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ತನ್ನ ಜೀವವನ್ನೇ ಕರ್ತನಿಗೆ ಒಪ್ಪಿಸುವ ಪ್ರಸಿದ್ಧ ಗೀತೆಯನ್ನು ಫ್ರಾನ್ಸಿಸ್ ರಿಡ್ಲಿ ಹ್ಯಾವರ್ಗಲ್ ಬರೆದದ್ದು 1874ರಲ್ಲಿ. ಅದರಲ್ಲಿ ಬೆಳ್ಳಿ ಬಂಗಾರದ ಮಾತೂ ಇದೆ. ಆಕೆಯ ಒಡವೆ ಪೆಟ್ಟಿಗೆ ಚರ್ಚ್ ಮಿಷನರಿ ಸೊಸೈಟಿಗೆ ಹೋದದ್ದು 1878ರಲ್ಲಿ, ನಾಲ್ಕು ವರ್ಷದ ನಂತರ. ತಮ್ಮವರ ನೆನಪಿಗೆಂದು ಒಂದೆರಡನ್ನು ಉಳಿಸಿಕೊಂಡು ಸುಮಾರು ಐವತ್ತು ಒಡವೆಗಳನ್ನು ಸಂತೋಷದಿಂದ ಕಟ್ಟಿ ಕಳಿಸಿದರು. ಹಾಡು ಬರೆದಾಗ ಆಕೆ ಸುಳ್ಳಾಡಿರಲಿಲ್ಲ. ಒಮ್ಮೆ ಆಡಿದ ಮಾತು ಬದುಕಿನ ಮೂಲೆಮೂಲೆಗೆ ತಲುಪಲು ದಿನಗಳು ಬೇಕಾದವು, ಅಷ್ಟೆ.

1898ರಲ್ಲಿ ಅದೇ ಕೆಸಿಕ್ ಸಮಾವೇಶಕ್ಕೆ ಹೋಗಿದ್ದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಈ ಸಮೀಕ್ಷೆಯಲ್ಲಿ ಆಕೆಗೆ ವಿಶೇಷ ಸ್ಥಾನ ಸಲ್ಲಬೇಕು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರೂ, ತಾವು ಕ್ರಿಸ್ತನನ್ನು ವೈಯಕ್ತಿಕವಾಗಿ ಅರಿತದ್ದು ಎಂಟು ವರ್ಷಗಳ ನಂತರ ಎಂದು ಅವರೇ ಬರೆದುಕೊಂಡಿದ್ದಾರೆ. ಕ್ರಿಸ್ತನಿಗೆ ಪೂರ್ತಿ ಒಪ್ಪಿಸಿಕೊಳ್ಳಲು ಹೊರಟ ಆ ಹೆಣ್ಣುಮಗಳು ಪುರೋಹಿತಶಾಹಿಗೆ ಒಪ್ಪಿಸಿಕೊಳ್ಳಲು ನಿರಾಕರಿಸಿದರು. ಒಂದು ನೊಗದಿಂದ ಬಿಡಿಸಿಕೊಂಡು ಬಂದು ಅದೇ ಬಗೆಯ ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆ ಎಂಬ ಅರ್ಥದಲ್ಲಿ ತಮ್ಮ ಆಂಗ್ಲಿಕನ್ ಹಿತೈಷಿಗಳಿಗೆ ಪತ್ರ ಬರೆದರು. ಆ ಧೈರ್ಯಕ್ಕೆ ತಕ್ಕಂತೆ ದುಡಿದರು ಕೂಡ. 1896-97ರ ಬರದಲ್ಲಿ ಮಧ್ಯ ಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಬಳಿಯ ಕೇಡಗಾಂವದಲ್ಲಿ ‘ಮುಕ್ತಿ’ ಕಟ್ಟಿದರು. ನೇಯ್ಗೆ, ಮುದ್ರಣ, ತೋಟಗಾರಿಕೆಯ ಜೊತೆಗೇ ಪ್ರಾರ್ಥನೆ ನಡೆದ ಜಾಗ ಅದು. 1905ರ ಉಜ್ಜೀವನ ಅಲ್ಲಿ ಹೊತ್ತಿಕೊಂಡದ್ದು ದಿನದಿನವೂ ಪ್ರಾರ್ಥಿಸಲು ಸೇರುತ್ತಿದ್ದ ಹುಡುಗಿಯರ ನಡುವೆ. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತರುವ ಕೆಲಸ 1922ರಲ್ಲಿ ತೀರಿಕೊಳ್ಳುವವರೆಗೂ ಆಕೆಯ ದಿನಚರಿಯಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಮತ್ತೆ ರಾಜಕೀಯದ ಬಾಗಿಲು ತಟ್ಟಿತು. ಹಿಟ್ಲರನ ಆಡಳಿತಕ್ಕೆ ಚರ್ಚು ತಲೆಬಾಗುತ್ತಿದ್ದಾಗ, 1934ರ ಮೇ ತಿಂಗಳಲ್ಲಿ ಬಾರ್ಮೆನ್‌ನಲ್ಲಿ ಸೇರಿದವರು ಬದುಕಿನ ಯಾವ ಭಾಗವೂ ಕ್ರಿಸ್ತನನ್ನು ಬಿಟ್ಟು ಬೇರೆ ಒಡೆಯರದ್ದಲ್ಲ ಎಂದು ಸಾರಿದರು. ಹೀಗೆ ಸಾರಿದವರ ಕಡೆಯ ಡೀಟ್ರಿಕ್ ಬಾನ್‌ಹಾಫರ್ ಫಿಂಕನ್‌ವಾಲ್ಡೆಯ ಗುರುಕುಲದಲ್ಲಿ ತರುಣ ಪಾದ್ರಿಗಳಿಗೆ ಕಲಿಸಿದ್ದರಲ್ಲಿ ಎರಡು ಅಭ್ಯಾಸ ನೆನಪಿಡತಕ್ಕವು: ವಾರವಿಡೀ ಒಂದೇ ವಾಕ್ಯಭಾಗದ ಮೇಲೆ ಪ್ರತಿ ಬೆಳಿಗ್ಗೆ ಅರ್ಧ ತಾಸು ಮೌನ ಧ್ಯಾನ, ಎದುರಿಗಿಲ್ಲದವನ ಬಗ್ಗೆ ಅವನ ಬೆನ್ನ ಹಿಂದೆ ಮಾತಾಡದಿರುವುದು. 1937ರಲ್ಲಿ ಗೆಸ್ಟಾಪೊ ಗುರುಕುಲವನ್ನು ಮುಚ್ಚಿಸಿತು. 1945ರ ಏಪ್ರಿಲ್ 9ರಂದು ಬಾನ್‌ಹಾಫರ್ ಅವರನ್ನು ಗಲ್ಲಿಗೇರಿಸಲಾಯಿತು.

ಅಮೆರಿಕದಲ್ಲಿ ನಡೆದ ವಾದ ಬೇರೆ ಬಗೆಯದು. ಯೇಸುವನ್ನು ರಕ್ಷಕನೆಂದು ನಂಬಿದರೆ ಸಾಕೇ, ಕರ್ತನೆಂದು ಶರಣಾಗಲೂ ಬೇಕೇ ಎಂದು 1959ರಲ್ಲಿ ‘ಎಟರ್ನಿಟಿ’ ಪತ್ರಿಕೆಯಲ್ಲಿ ಎವರೆಟ್ ಹ್ಯಾರಿಸನ್ ಮತ್ತು ಜಾನ್ ಸ್ಟಾಟ್ ಎದುರುಬದುರಾದರು. ಶರಣಾಗತಿಯಿಲ್ಲದ ನಂಬಿಕೆ ನಂಬಿಕೆಯೇ ಅಲ್ಲ ಎಂದು 1988ರಲ್ಲಿ ಜಾನ್ ಮೆಕಾರ್ಥರ್ ಬರೆದರೆ, ಇದು ಕೃಪೆಗೆ ಷರತ್ತು ಹಾಕಿದಂತೆ ಎಂದು ಚಾರ್ಲ್ಸ್ ರೈರಿ, ಜೇನ್ ಹಾಜಸ್ ಮರುವರ್ಷವೇ ಉತ್ತರ ಕೊಟ್ಟರು. ಶಿಷ್ಯನ ಬದುಕು ಪ್ರತಿದಿನದ್ದು ಎಂಬುದನ್ನು ಎರಡೂ ಕಡೆಯವರು ಅಲ್ಲಗಳೆಯಲಿಲ್ಲ. ವಾದದ ಬಿಸಿಯಲ್ಲಿ ಆ ಒಮ್ಮತಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ.

ಇದಕ್ಕಿಂತ ಹೆಚ್ಚು ಜನರನ್ನು ನೋಯಿಸಿದ್ದು 1970ರ ದಶಕದಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಹಬ್ಬಿದ ‘ಕುರುಬತನ’ದ ಚಳವಳಿ. ಪ್ರತಿಯೊಬ್ಬ ವಿಶ್ವಾಸಿಗೂ ಒಬ್ಬ ಕುರುಬ. ಮದುವೆ, ನೌಕರಿಯಂಥ ತೀರ್ಮಾನಗಳಿಗೂ ಅವನ ಒಪ್ಪಿಗೆ. ಕರ್ತನಿಗೆ ಸಲ್ಲಬೇಕಾದ ವಿಧೇಯತೆ ಮನುಷ್ಯನ ಕೈ ಸೇರಿತು, ಮನೆತನಗಳು ಒಡೆದವು. ನೇತಾರರಲ್ಲೊಬ್ಬರಾದ ಬಾಬ್ ಮಮ್‌ಫರ್ಡ್ 1990ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಈ ಅಪಾಯಕ್ಕೆ ದೇಶದ ಗಡಿಯಿಲ್ಲ. ದೇವರ ಚಿತ್ತವೆಂದು ಹೇಳಿ ಮಗಳಿಗೆ ವರನನ್ನು, ಮಗನಿಗೆ ಕೆಲಸವನ್ನು ಬೋಧಕರೇ ಗೊತ್ತುಮಾಡುವ ಕಡೆಗಳಲ್ಲೆಲ್ಲ ಅದು ಇದ್ದೇ ಇರುತ್ತದೆ. ಅಂಥ ಬೋಧಕರು ಇಗ್ನೇಷಿಯಸ್ ಅವರ ಪುಸ್ತಕದ ಆರಂಭದಲ್ಲಿರುವ 15ನೆಯ ಸೂಚನೆಯನ್ನು ಓದಬೇಕು. ಅಭ್ಯಾಸ ನಡೆಸಿಕೊಡುವವನು ಸಾಧಕನನ್ನು ಯಾವ ಹರಕೆಯ ಕಡೆಗೂ, ಯಾವ ಬಗೆಯ ಜೀವನದ ಕಡೆಗೂ ತಳ್ಳಬಾರದು, ತಕ್ಕಡಿಯಂತೆ ನಡುವೆ ನಿಲ್ಲಬೇಕು, ಸೃಷ್ಟಿಕರ್ತನೇ ತನ್ನ ಸೃಷ್ಟಿಯ ಜೊತೆ ನೇರವಾಗಿ ವ್ಯವಹರಿಸಲು ಬಿಡಬೇಕು ಎಂದು ಅದು ಹೇಳುತ್ತದೆ. ಅದು ಅಚ್ಚಾಗಿ ನಾಲ್ಕೂಮುಕ್ಕಾಲು ಶತಮಾನ ಕಳೆದಿದೆ.