ಕನ್ನಡ ಚಲನಚಿತ್ರಗಳಲ್ಲಿ ನಟನ ಇಳಿವಯಸ್ಸು

ಒಂದು ಕಾಲಕ್ಕೆ ಹೆಸರು ಮಾಡಿ, ಈಗ ಬಣ್ಣದಿಂದ ದೂರವಾಗಿರುವ ಕಲಾವಿದ ತನ್ನ ಯೌವನಕ್ಕೆ ಮತ್ತೆ ಎದುರಾಗುವ ಕಥೆ ಜಗತ್ತಿನ ಸಿನಿಮಾದಲ್ಲಿ ಹಲವು ಸಲ ಬಂದಿದೆ. ಕನ್ನಡದಲ್ಲಿ ಈ ವಸ್ತುವಿಗೆ ತೀರ ಹತ್ತಿರವಾದ ಚಿತ್ರ 2018ರ ‘ಅಂಬಿ ನಿಂಗ್ ವಯಸ್ಸಾಯ್ತೋ’. ನಟಿಯೊಬ್ಬಳ ಬಾಳಿನ ಮೂಲಕ ಇದೇ ಪ್ರಶ್ನೆಯನ್ನು ಕೇಳಿದ ಚಿತ್ರ 1981ರ ‘ರಂಗನಾಯಕಿ’. ಇವೆರಡನ್ನೂ ಅರಿಯಲು ಕಂಪನಿ ನಾಟಕಗಳ ಕಾಲಕ್ಕೆ, ಅದರಲ್ಲೂ ತುಮಕೂರು ಜಿಲ್ಲೆಯ ಗುಬ್ಬಿಗೆ ಹೋಗಬೇಕು. ಕನ್ನಡ ಸಿನಿಮಾದ ಮೊದಲ ತಲೆಮಾರಿನ ಬಹುಪಾಲು ನಟರು ನಾಟಕ ಕಂಪನಿಗಳಿಂದ ಬಂದವರು. ನಟನಿಗೆ ವಯಸ್ಸಾಗುವುದನ್ನು ಕಂಪನಿ ನೋಡಿದ ಬಗೆ ಒಂದು, ಸಿನಿಮಾ ನೋಡಿದ ಬಗೆ ಇನ್ನೊಂದು.

ಕಂಪನಿಯಲ್ಲಿ ನಟನ ವಯಸ್ಸು

ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿತು. ಊರಿನ ದೈವ ಗೋಸಲ ಚನ್ನಬಸವೇಶ್ವರನ ಹೆಸರನ್ನೇ ಅದು ಹೊತ್ತಿತು. 1891ರಲ್ಲಿ ಜನಿಸಿದ ವೀರಣ್ಣನವರು ಎಳೆಯ ಹುಡುಗನಾಗಿ ಈ ಕಂಪನಿಗೆ ಸೇರಿ, 1917ರ ಹೊತ್ತಿಗೆ ಅದರ ಒಡೆತನವನ್ನೂ ವಹಿಸಿಕೊಂಡರು. ‘ಸದಾರಮೆ’ಯ ಕಳ್ಳನ ಪಾತ್ರ ಅವರ ಹೆಸರಿನೊಡನೆ ಬಿಡಿಸಲಾಗದಂತೆ ಬೆಸೆದುಕೊಂಡಿತು. 1934ರ ‘ಕುರುಕ್ಷೇತ್ರ’ದಲ್ಲಿ ಅವರು ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಪ್ರಸಿದ್ಧಿಯ ತುದಿಯಲ್ಲಿದ್ದಾಗ ಈ ಕಂಪನಿ ನೂರಾರು ಜನರ ಕುಟುಂಬವಾಗಿತ್ತು. ಅಡುಗೆ, ವಸತಿ, ಪಾಠ, ತಾಲೀಮು ಎಲ್ಲವೂ ಒಂದೇ ಸೂರಿನಡಿ ನಡೆಯುತ್ತಿದ್ದವು.

ಇಂಥ ಕಂಪನಿಗಳಲ್ಲಿ ನಟನ ಬಾಳಿಗೆ ಒಂದು ಕ್ರಮವಿತ್ತು. ಹುಡುಗನಾಗಿ ಬಂದವನಿಗೆ ಬಾಲಪಾತ್ರ ಸಿಗುತ್ತಿತ್ತು. ಹೆಣ್ಣುಮಕ್ಕಳು ರಂಗಕ್ಕೆ ಬರುವ ಮುನ್ನ, ದನಿ ಚೆನ್ನಾಗಿದ್ದ ಹುಡುಗನಿಗೆ ಸ್ತ್ರೀಪಾರ್ಟು ಒಲಿಯುತ್ತಿತ್ತು. ಕಂಠ ಒಡೆದ ಮೇಲೆ ಮೈಕಟ್ಟು, ಹಾಡುಗಾರಿಕೆ ಇದ್ದವನು ರಾಜಪಾರ್ಟಿಗೆ ಏರುತ್ತಿದ್ದ, ಉಳಿದವರು ಸಣ್ಣಪುಟ್ಟ ಪಾತ್ರಗಳಿಗೆ ನಿಲ್ಲುತ್ತಿದ್ದರು. ದನಿ ಕುಂದಿದಾಗ ಹಿರಿಯರ ಪಾತ್ರ ಬರುತ್ತಿತ್ತು. ಅದೂ ಸಾಗದಾಗ ನಟ ಹುಡುಗರಿಗೆ ಮಾತು, ಹಾಡು ಹೇಳಿಕೊಡುವ ಮೇಷ್ಟ್ರಾಗುತ್ತಿದ್ದ. ಅವನ ಯೌವನದ ಆಟ ಎಲ್ಲಿಯೂ ದಾಖಲಾಗಿರುತ್ತಿರಲಿಲ್ಲ. ಪರದೆ ಬಿದ್ದೊಡನೆ ಅದು ಮುಗಿಯುತ್ತಿತ್ತು, ನೋಡಿದವರ ಬಾಯಲ್ಲಷ್ಟೇ ಉಳಿಯುತ್ತಿತ್ತು. ಹಾಗಾಗಿ ಹಳೆಯ ನಟ ತನ್ನ ಹಿಂದಿನ ರೂಪವನ್ನು ಕಾಣುತ್ತಿದ್ದುದು ತಾನೇ ತಿದ್ದಿದ ಹುಡುಗನಲ್ಲಿ. ಕಂಪನಿ ಉಳಿದಿರುವತನಕ ಅವನಿಗೊಂದು ಜಾಗವಿತ್ತು. ಕಂಪನಿ ಮುಳುಗಿದರೆ ಅವನ ಇಳಿವಯಸ್ಸಿಗೆ ಆಸರೆ ಇರಲಿಲ್ಲ.

ವೀರಣ್ಣನವರು ತಮ್ಮ ಬಾಳನ್ನು ‘ಕಲೆಯೇ ಕಾಯಕ’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1972ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಅದೇ ವರ್ಷ ಅವರು ತೀರಿಕೊಂಡರು.

ರಂಗದಿಂದ ತೆರೆಗೆ

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ನಾಯಕ ಎಂ.ವಿ. ಸುಬ್ಬಯ್ಯ ನಾಯ್ಡು ರಂಗಭೂಮಿಯವರು. ಅದಕ್ಕೆ ಮಾತು, ಹಾಡು ಬರೆದವರು ತುಮಕೂರು ಸಮೀಪದ ಬೆಳ್ಳಾವೆಯ ನಾಟಕಕಾರ ನರಹರಿ ಶಾಸ್ತ್ರಿಗಳು. ಮರುವರ್ಷ ‘ಸದಾರಮೆ’ ಚಿತ್ರವಾಯಿತು, ವೀರಣ್ಣನವರು ಅದರಲ್ಲಿ ನಟಿಸಿದರು. ಮುಂದೆ ಅವರು ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’, ‘ಗುಣಸಾಗರಿ’ (1953) ಚಿತ್ರಗಳಲ್ಲಿ ತೊಡಗಿಕೊಂಡರು. ಪುರಾಣದ ಕಥೆಗಳೇ ತುಂಬಿದ್ದ ಕಾಲದಲ್ಲಿ ‘ಜೀವನ ನಾಟಕ’ ಸಾಮಾಜಿಕ ವಸ್ತುವನ್ನು ಆರಿಸಿಕೊಂಡಿತು. ಅ.ನ. ಕೃಷ್ಣರಾಯರು ಅದಕ್ಕೆ ಬರೆದರು. ಕೆಂಪರಾಜ ಅರಸು, ಶಾಂತಾ ಹುಬ್ಳೀಕರ್ ಅದರಲ್ಲಿ ಅಭಿನಯಿಸಿದರು.

ವೀರಣ್ಣನವರ ಸಂಸ್ಥೆಯ ಪಾಲಿದ್ದ, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ (1954) ಕನ್ನಡ ಚಿತ್ರರಂಗದ ದಿಕ್ಕನ್ನೇ ಬದಲಿಸಿತು. ಗುಬ್ಬಿ ಕಂಪನಿಯಲ್ಲಿ ತಂದೆ ಪುಟ್ಟಸ್ವಾಮಯ್ಯನವರ ನೆರಳಲ್ಲಿ ಬೆಳೆದ ಮುತ್ತುರಾಜ್ ಅದರ ಮೂಲಕ ರಾಜ್‌ಕುಮಾರ್ ಆದರು. ತಿಪಟೂರಿನ ನರಸಿಂಹರಾಜು ತೆರೆಗೆ ಬಂದದ್ದೂ ಅದರಲ್ಲೇ. ಆದರೂ ಆಗ ಕನ್ನಡ ಚಿತ್ರಗಳ ಸಂಖ್ಯೆ ಕಡಿಮೆ, ನಟರ ಕೈಯಲ್ಲಿ ಕೆಲಸವಿರಲಿಲ್ಲ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರಿಗೆ ಹೋಗಿ ನಾಟಕವಾಡಿದರು. ‘ರಣಧೀರ ಕಂಠೀರವ’ (1960) ಚಿತ್ರವನ್ನು ಈ ಗೆಳೆಯರೇ ಹೊರತಂದರು. ತೆರೆ ಕೈಬಿಟ್ಟಾಗ ರಂಗ ಕೈಹಿಡಿಯುತ್ತದೆ ಎಂಬ ನಂಬಿಕೆ ಈ ತಲೆಮಾರಿಗಿತ್ತು.

ತೆರೆ ತಂದ ದೊಡ್ಡ ಬದಲಾವಣೆಯೆಂದರೆ ನಟನ ಯೌವನ ಅಳಿಯದೆ ಉಳಿದದ್ದು. ರಾಜ್‌ಕುಮಾರ್ ನೂರು ಚಿತ್ರ ಪೂರೈಸಿದ ಸಂದರ್ಭದಲ್ಲಿ, 1968ರಲ್ಲಿ, ಅವರ ಹಿಂದಿನ ಚಿತ್ರಗಳ ದೃಶ್ಯಗಳನ್ನೇ ಜೋಡಿಸಿ ‘ನಟ ಸಾರ್ವಭೌಮ’ ತೆರೆಗೆ ಬಂತು. ನಲವತ್ತು ತುಂಬದ ನಟನ ಮುಂದೆ ಅವನ ಹದಿನಾಲ್ಕು ವರ್ಷಗಳ ರೂಪಗಳು ಸಾಲಾಗಿ ಬಂದು ನಿಂತವು. ಅದು ಸಂಭ್ರಮದ ಚಿತ್ರ, ವಿಷಾದದ್ದಲ್ಲ. ಎಪ್ಪತ್ತು ದಾಟಿದ ಮೇಲೆ, 2000ದಲ್ಲಿ ತೆರೆಕಂಡ ‘ಶಬ್ದವೇಧಿ’ಯಲ್ಲೂ ರಾಜ್‌ಕುಮಾರ್ ನಾಯಕನೇ. ಹಾಗಾಗಿ ಮುಪ್ಪಿನ ನಟನ ಕಥೆ ಕನ್ನಡ ತೆರೆಯ ಮೇಲೆ ತಡವಾಗಿ ಬಂತು.

ರಂಗನಾಯಕಿ (1981)

ಅಶ್ವತ್ಥರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರ. ಶೀರ್ಷಿಕೆ ಪಾತ್ರದಲ್ಲಿ ಆರತಿ ನಟಿಸಿದರು. ಅಶೋಕ್, ಅಂಬರೀಶ್, ರಾಮಕೃಷ್ಣ ಇತರ ಮುಖ್ಯ ನಟರು, ಸಂಗೀತ ಎಂ. ರಂಗರಾವ್ ಅವರದು. ಕಂಪನಿಯಲ್ಲೇ ಬೆಳೆದ ನಟಿಯೊಬ್ಬಳು ಮದುವೆಯಾಗಿ ರಂಗವನ್ನು ತೊರೆಯುತ್ತಾಳೆ. ಕಂಪನಿಗೆ ಕಷ್ಟ ಬಂದಾಗ ಮನಸ್ಸು ತಡೆಯದೆ ಮತ್ತೆ ಬಣ್ಣ ಹಚ್ಚುತ್ತಾಳೆ. ಗಂಡ ಮಗುವಿನೊಡನೆ ದೂರವಾಗುತ್ತಾನೆ. ಅವಳು ಸಿನಿಮಾದಲ್ಲಿ ಹೆಸರಾಂತ ತಾರೆಯಾಗುತ್ತಾಳೆ. ವರ್ಷಗಳ ಬಳಿಕ, ತಾಯಿ ಯಾರೆಂದು ತಿಳಿಯದ ಮಗ ಅಭಿಮಾನಿಯಾಗಿ, ಅವಳಲ್ಲಿ ಅನುರಕ್ತನಾಗಿ ಬರುತ್ತಾನೆ.

ಇಲ್ಲಿ ನಟಿಗೆ ಎದುರಾಗುವ ಯೌವನ ಕಳೆದುಹೋದ ಚೆಲುವಿನದಲ್ಲ. ಬಣ್ಣಕ್ಕಾಗಿ ತಾನು ತೆತ್ತ ಬೆಲೆಯೇ ಬೆಳೆದು ನಿಂತು ಅವಳ ಬಾಗಿಲಿಗೆ ಬರುತ್ತದೆ. ಕಂಪನಿ ಮನೆಯ ಅಕ್ಕರೆ, ಅದರ ಸಾಲಸೋಲ, ಟೆಂಟಿನ ಬಾಳು ಇವನ್ನು ಇಷ್ಟು ಒಳಗಿನಿಂದ ತೋರಿಸಿದ ಕನ್ನಡ ಚಿತ್ರಗಳು ವಿರಳ.

ಅಂಬಿ ನಿಂಗ್ ವಯಸ್ಸಾಯ್ತೋ (2018)

ಗುರುದತ್ತ ಗಾಣಿಗ ಅವರ ಮೊದಲ ನಿರ್ದೇಶನದ ಈ ಚಿತ್ರ 2018ರ ಸೆಪ್ಟೆಂಬರ್ 27ರಂದು ಬಿಡುಗಡೆಯಾಯಿತು. ತಮಿಳಿನಲ್ಲಿ ಧನುಷ್ ನಿರ್ದೇಶಿಸಿ, ರಾಜ್‌ಕಿರಣ್ ನಟಿಸಿದ ‘ಪ. ಪಾಂಡಿ’ (2017) ಇದರ ಮೂಲ. ಕನ್ನಡದ ಚಿತ್ರಕಥೆಯಲ್ಲಿ ಸುದೀಪ್ ಕೈಯಿದೆ, ನಿರ್ಮಾಣದಲ್ಲೂ ಅವರ ಸಂಸ್ಥೆ ಸೇರಿತ್ತು. ಸಂಗೀತ ಅರ್ಜುನ್ ಜನ್ಯ ಅವರದು.

ಅಂಬಿ ನಿವೃತ್ತ ಸಾಹಸ ಕಲಾವಿದ. ನಾಯಕರು ಗೆದ್ದಂತೆ ಕಾಣಲು ತಾನು ಬಿದ್ದು ಪೆಟ್ಟು ತಿಂದವನು. ಈಗ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಇದ್ದಾನೆ. ಕೈಕಟ್ಟಿ ಕೂರಲಾಗದು, ಬೀದಿಯಲ್ಲಿ ಅನ್ಯಾಯ ಕಂಡರೆ ಸುಮ್ಮನಿರಲಾಗದು. ಅದರಿಂದ ಮನೆಯಲ್ಲಿ ಇರಿಸುಮುರಿಸು. ಒಂದು ದಿನ ಬೈಕ್ ಏರಿ ಮನೆ ಬಿಡುತ್ತಾನೆ. ದಾರಿಯಲ್ಲಿ ತನ್ನ ಮೊದಲ ಪ್ರೀತಿಯ ಕಥೆಯನ್ನು ಬಿಚ್ಚಿಡುತ್ತಾನೆ. ಆ ನಂದಿನಿಯನ್ನು ಮತ್ತೆ ಕಾಣುವುದೇ ಅವನ ಪಯಣದ ಗುರಿ. ಹಿರಿಯ ಅಂಬಿಯಾಗಿ ಅಂಬರೀಶ್, ಹಿರಿಯ ನಂದಿನಿಯಾಗಿ ಸುಹಾಸಿನಿ, ಅವರ ಯೌವನದ ರೂಪಗಳಾಗಿ ಸುದೀಪ್ ಮತ್ತು ಶ್ರುತಿ ಹರಿಹರನ್, ಮಗನಾಗಿ ದಿಲೀಪ್ ರಾಜ್ ನಟಿಸಿದ್ದಾರೆ.

ಚಿತ್ರದ ಬಲ ಇರುವುದು ಅಂಬರೀಶರ ಮೈಮುಖದಲ್ಲಿ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯಲ್ಲಿ 1952ರ ಮೇ 29ರಂದು ಹುಟ್ಟಿದ ಅವರು, ಇಪ್ಪತ್ತನೆಯ ವಯಸ್ಸಿನಲ್ಲಿ ಪುಟ್ಟಣ್ಣನವರ ‘ನಾಗರಹಾವು’ (1972) ಚಿತ್ರದ ಜಲೀಲನಾಗಿ ತೆರೆಗೆ ಬಂದರು. ‘ಅಂತ’ (1981) ಅವರನ್ನು ಜನಪ್ರಿಯ ನಾಯಕನನ್ನಾಗಿ ಮಾಡಿತು. ಮುಂದೆ ಮಂಡ್ಯದ ಸಂಸದ, ಕೇಂದ್ರ ಸಚಿವ, ರಾಜ್ಯ ಸಚಿವರಾದರು. ಆರೋಗ್ಯ ಕುಗ್ಗಿದ ದಿನಗಳಲ್ಲಿ ಬಂದ ಈ ಚಿತ್ರದಲ್ಲಿ ಅವರು ತಮ್ಮ ವಯಸ್ಸನ್ನು ಮರೆಮಾಚಲಿಲ್ಲ. ನಿಧಾನವಾದ ನಡಿಗೆ, ಭಾರವಾದ ದೇಹ ಎರಡನ್ನೂ ಪಾತ್ರಕ್ಕೆ ಧಾರೆಯೆರೆದರು. ಯೌವನದ ಅಂಬಿಯಾಗಿ ಸುದೀಪ್ ಇದ್ದರೂ, ಪ್ರೇಕ್ಷಕರ ಕಣ್ಣಲ್ಲಿ ಇನ್ನೊಬ್ಬ ಯುವಕನಿದ್ದ. ಅದೇ ವರ್ಷದ ಜುಲೈನಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದೊಂದಿಗೆ ಮರುಬಿಡುಗಡೆಯಾಗಿತ್ತು. ಕೆಲವೇ ವಾರಗಳ ಅಂತರದಲ್ಲಿ ಕನ್ನಡಿಗರು ಇಪ್ಪತ್ತರ ಜಲೀಲನನ್ನೂ ಅರವತ್ತಾರರ ಅಂಬಿಯನ್ನೂ ಚಿತ್ರಮಂದಿರದಲ್ಲೇ ಕಂಡರು. ನಟನೊಬ್ಬ ತನ್ನ ಯೌವನಕ್ಕೆ ಎದುರಾದ ಇಂಥ ಗಳಿಗೆ ಕನ್ನಡದಲ್ಲಿ ಮತ್ತೊಂದು ಸಿಗುವುದು ಕಷ್ಟ.

ಬಿಡುಗಡೆಯಾಗಿ ಎರಡು ತಿಂಗಳು ತುಂಬುವ ಮುನ್ನ, 2018ರ ನವೆಂಬರ್ 24ರಂದು ಅಂಬರೀಶ್ ಬೆಂಗಳೂರಿನಲ್ಲಿ ನಿಧನರಾದರು. ಅವರು ಭೀಷ್ಮನಾಗಿ ನಟಿಸಿದ ‘ಕುರುಕ್ಷೇತ್ರ’ 2019ರಲ್ಲಿ ತೆರೆಗೆ ಬಂತು.

ಹೊರಗಿನ ಚಿತ್ರಗಳು

ಬಿಲ್ಲಿ ವೈಲ್ಡರನ ‘ಸನ್‌ಸೆಟ್ ಬುಲೆವಾರ್ಡ್’ (1950) ಮೂಕಿಚಿತ್ರಗಳ ಮರೆತುಹೋದ ತಾರೆಯ ಕಥೆ. ಆ ಪಾತ್ರ ವಹಿಸಿದ ಗ್ಲೋರಿಯಾ ಸ್ವಾನ್‌ಸನ್ ಸ್ವತಃ ಮೂಕಿ ಯುಗದ ತಾರೆ. ಚಾಪ್ಲಿನ್‌ನ ‘ಲೈಮ್‌ಲೈಟ್’ (1952) ನಗಿಸುವ ಶಕ್ತಿ ಉಡುಗಿದ ವಿದೂಷಕನೊಬ್ಬನದು. ಸತ್ಯಜಿತ್ ರಾಯ್ ಅವರ ‘ನಾಯಕ್’ನಲ್ಲಿ (1966) ಉತ್ತಮ್ ಕುಮಾರ್ ಅಭಿನಯಿಸಿದ ತಾರೆ ದೆಹಲಿಯ ರೈಲಿನಲ್ಲಿ ಕುಳಿತು ತನ್ನ ಹಿಂದಿನ ತಪ್ಪುಗಳನ್ನು ನೆನೆಯುತ್ತಾನೆ. ವಿ.ವಾ. ಶಿರವಾಡ್ಕರರ ಮರಾಠಿ ನಾಟಕ ‘ನಟಸಮ್ರಾಟ್’ ನಾನಾ ಪಾಟೇಕರ್ ಅಭಿನಯದಲ್ಲಿ 2016ರಲ್ಲಿ ಚಿತ್ರವಾಯಿತು. ಅದರ ಮುದಿ ನಟನೂ ಅಂಬಿಯಂತೆ ಮಕ್ಕಳ ಮನೆಯಲ್ಲಿ ಇರಲಾರದವನು. ಪಶ್ಚಿಮದ ಚಿತ್ರಗಳಲ್ಲಿ ಹಳೆಯ ನಟನಿಗೆ ಎದುರಾಳಿ ಒಂಟಿತನ. ನಮ್ಮ ಕಡೆಯ ಚಿತ್ರಗಳಲ್ಲಿ ಅವನು ಮನೆ ತುಂಬ ಜನರಿದ್ದೂ ಬೇಡವಾದವನು.

ಬಾಳೇ ಕಥೆಯಾದವರು

ತೆರೆಯ ಮೇಲಿನ ಕಥೆಗಳಿಗಿಂತ ಗಾಢವಾದದ್ದು ಕಲಾವಿದರ ನಿಜಬಾಳು. ‘ಜೀವನ ನಾಟಕ’ದ ಶಾಂತಾ ಹುಬ್ಳೀಕರ್, ವಿ. ಶಾಂತಾರಾಮರ ‘ಮಾಣೂಸ್’ (1939) ಚಿತ್ರದಿಂದ ಮನೆಮಾತಾಗಿದ್ದವರು. ಮುಂದೆ ಜನರ ನೆನಪಿನಿಂದ ಮರೆಯಾದ ಅವರು, ಆ ಚಿತ್ರದ ತಮ್ಮ ಪ್ರಸಿದ್ಧ ಹಾಡಿನ ಸಾಲನ್ನೇ ಹೆಸರಾಗಿಟ್ಟು ಮರಾಠಿಯಲ್ಲಿ ಆತ್ಮಕಥೆ ಬರೆದರು. ಅರವತ್ತು ಎಪ್ಪತ್ತರ ದಶಕಗಳ ಮಿನುಗುತಾರೆ ಕಲ್ಪನಾ ಕೊನೆಯ ದಿನಗಳಲ್ಲಿ ಗುಡಗೇರಿ ಬಸವರಾಜರ ಕಂಪನಿಯ ನಾಟಕಗಳಲ್ಲಿ ನಟಿಸುತ್ತಿದ್ದರು. 1979ರಲ್ಲಿ ಅವರು ತೀರಿಕೊಂಡರು. ಅವರ ಬದುಕಿನ ನೆರಳಿರುವ ‘ಅಭಿನೇತ್ರಿ’ 2015ರಲ್ಲಿ ಬಂತು. ಅದೇ 1979ರಲ್ಲಿ, ಇನ್ನೂ ಐವತ್ತಾರರ ಆಸುಪಾಸಿನಲ್ಲಿದ್ದ ನರಸಿಂಹರಾಜು ಅಗಲಿದರು. ತಾವೇ ನಿರ್ಮಿಸಿದ ‘ಪ್ರೊಫೆಸರ್ ಹುಚ್ಚೂರಾಯ’ (1974) ಚಿತ್ರದಲ್ಲಿ ಅವರು ಹಾಸ್ಯನಟನ ಎಲ್ಲೆ ದಾಟಿ ಮುಖ್ಯಪಾತ್ರ ವಹಿಸಿದ್ದರು.

ತುಮಕೂರು ಸೀಮೆಯಲ್ಲಿ

ತುಮಕೂರು ನಗರದ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಜಿಲ್ಲೆಯ ಹಳ್ಳಿಗಳಲ್ಲೂ ಪೌರಾಣಿಕ ನಾಟಕಗಳು ಇಂದಿಗೂ ಬೆಳಗಾಗುವವರೆಗೆ ನಡೆಯುತ್ತವೆ. ರೈತರು, ಅಂಗಡಿಯವರು, ನೌಕರರು, ನಿವೃತ್ತರು ಕೈಯಿಂದ ಹಣ ಹಾಕಿ ಪಾತ್ರ ಕಟ್ಟುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಅರವತ್ತು ದಾಟಿದ ದುರ್ಯೋಧನ, ಮೊಮ್ಮಕ್ಕಳನ್ನು ಕಂಡ ಕೃಷ್ಣ ಈ ರಂಗದಲ್ಲಿ ಅಪರೂಪವಲ್ಲ. ಕಂಠದಲ್ಲಿ ಕಂದಪದ್ಯ ನಿಂತರೆ ಸಾಕು, ಜನ ವಯಸ್ಸನ್ನು ಲೆಕ್ಕಿಸುವುದಿಲ್ಲ. ಸಿನಿಮಾ ನಟನನ್ನು ಕಾಡುವ ಮುಪ್ಪು ಇಲ್ಲಿ ಅಷ್ಟಾಗಿ ಕಾಡದು.

ಈ ಸೀಮೆ ಸಿನಿಮಾಕ್ಕೆ ಮುಂದೆಯೂ ಕಲಾವಿದರನ್ನು ಕೊಟ್ಟಿತು. ಹಾಸ್ಯನಟ, ಸಂಭಾಷಣೆಕಾರ ಕುಣಿಗಲ್ ನಾಗಭೂಷಣ್ ಊರಿನ ಹೆಸರನ್ನು ತಮ್ಮೊಡನೆ ತೆರೆಗೆ ಒಯ್ದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಂಗ, ತೆರೆ, ಗಾಯನ ಮೂರರಲ್ಲೂ ದುಡಿದು 2013ರಲ್ಲಿ ಪದ್ಮಶ್ರೀ ಪಡೆದರು. ಬಾಲಕನಾಗಿ ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ಓದಲು ಕಾಶಿಗೆ ಕಳಿಸಲು ನೆರವಾದವರೂ ವೀರಣ್ಣನವರೇ.

ಮೌಲ್ಯಮಾಪನ

ಸಾವಿರಾರು ಚಿತ್ರಗಳನ್ನು ತಯಾರಿಸಿದ ಕನ್ನಡದಲ್ಲಿ ನಟನ ಇಳಿವಯಸ್ಸನ್ನು ನೆಟ್ಟನೋಟದಿಂದ ಕಂಡ ಚಿತ್ರಗಳು ಬೆರಳೆಣಿಕೆಯಷ್ಟು. ಇರುವುದರಲ್ಲೂ ಪ್ರಮುಖವಾದದ್ದು ತಮಿಳಿನಿಂದ ಬಂದ ಕಥೆ. ಗುಬ್ಬಿ ಕಂಪನಿಯಂಥ ನಾಟಕ ಪರಂಪರೆಯುಳ್ಳ ನಾಡಿಗೆ ಇದು ಸಾಲದು. ಸುಳ್ಳು ಗಡ್ಡದಡಿಯ ನಿಜವಾದ ನರೆ, ಮೇಷ್ಟ್ರಾಗಿ ಕೊನೆಗೊಂಡ ರಾಜಪಾರ್ಟು, ಮುಚ್ಚಿದ ಕಂಪನಿಯಿಂದ ಬರಿಗೈಯಲ್ಲಿ ಹೊರಟ ಸ್ತ್ರೀಪಾರ್ಟು ಇವರ ಕಥೆಗಳು ಚಿತ್ರಕಥೆಗಾರರಿಗೆ ಇನ್ನೂ ಕಾದಿವೆ. ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ, ಮೊದಲ ನಾಯಕನ ಯೌವನವನ್ನು ನಾವು ಇನ್ನೆಂದೂ ನೋಡಲಾರೆವು. ಉಳಿದಿರುವ ಹಳೆಯ ಚಿತ್ರಗಳನ್ನು ಕಾಪಾಡುವುದು, ಬದುಕಿರುವ ಕಂಪನಿ ಕಲಾವಿದರ ಮಾತು ಹಾಡುಗಳನ್ನು ಧ್ವನಿಮುದ್ರಿಸಿಡುವುದು ಸರ್ಕಾರ, ಅಕಾಡೆಮಿ, ವಿಶ್ವವಿದ್ಯಾಲಯಗಳು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕಾದ ಕೆಲಸ.