ಕುದುರೆಯ ಬಾಯಿ, ಸವಾರನ ಕೈ

ಕನ್ನಡದಲ್ಲಿ ಕಡಿವಾಣ ಎಂಬ ಮಾತು ಬಂದರೆ ಅದರ ಹಿಂದೆಯೇ 'ಹಾಕು' ಎಂಬ ಕ್ರಿಯಾಪದವೂ ಬಂದೇ ಬರುತ್ತದೆ. ನಾಲಗೆಗೆ ಕಡಿವಾಣ, ಖರ್ಚಿಗೆ ಕಡಿವಾಣ, ಆಸೆಗೆ ಕಡಿವಾಣ. ಹಾಕುವವರ ಮಾತನ್ನೇ ನಾವು ಕೇಳುತ್ತ ಬಂದಿದ್ದೇವೆ. ಹಾಕಿಸಿಕೊಂಡ ಬಾಯಿಯ ಯೋಗಕ್ಷೇಮವನ್ನು ವಿಚಾರಿಸಿದವರು ಕಡಮೆ. ಕಠೋಪನಿಷತ್ತಿನ ಪ್ರಸಿದ್ಧವಾದ ರಥದ ರೂಪಕದಲ್ಲಿ ಇಂದ್ರಿಯಗಳೇ ಕುದುರೆಗಳು, ಮನಸ್ಸೇ ಲಗಾಮು, ಬುದ್ಧಿಯೇ ಸಾರಥಿ. ಆ ಲಗಾಮಿನ ತುದಿಯಲ್ಲಿ ಒಂದು ಬಾಯಿ ಇದೆಯೆಂಬುದು ಋಷಿಯ ಉದ್ದೇಶಕ್ಕೆ ಬೇಕಾಗಿರಲಿಲ್ಲ.

ನನ್ನ ಗಮನ ಆ ಕಡೆಗೆ ಹರಿದದ್ದು ಒಂದು ಹೆಣ್ಣು ಕುದುರೆಯ ದೆಸೆಯಿಂದ. ನಡುವಯಸ್ಸಿನಲ್ಲಿ ಸವಾರಿ ಕಲಿಯುವ ಹುಚ್ಚು ಹತ್ತಿ ನಾನು ಒಂದು ಸವಾರಿ ಶಾಲೆಗೆ ಹೋಗುತ್ತಿದ್ದೆ. ನನ್ನ ಪಾಲಿಗೆ ಬಂದ ಕುದುರೆ ನಡಿಗೆಯಲ್ಲಿ ಚೆಲುವೆ, ಆದರೆ ಬಾಯಿಯಲ್ಲಿ ಮಹಾ ಕಿರಿಕಿರಿಯ ಪ್ರಾಣಿ. ಲಗಾಮು ಸೋಕಿದರೆ ಸಾಕು, ತಲೆಯನ್ನು ಮೇಲಕ್ಕೆ ಎಗರಿಸುತ್ತಿತ್ತು. ಕಬ್ಬಿಣವನ್ನು ಕಟಕಟನೆ ಅಗಿಯುತ್ತಿತ್ತು. ನಾಲಗೆಯನ್ನು ಅದರ ಮೇಲಕ್ಕೆ ಹಾಕಿಕೊಂಡು ಪಕ್ಕಕ್ಕೆ ಚಾಚುತ್ತಿತ್ತು. ಲಾಯದ ಗೋಡೆಯಲ್ಲಿ ಮೊಳೆಗೊಂದರಂತೆ ಕಡಿವಾಣಗಳು ತೂಗುತ್ತಿದ್ದವು. ಒಂದಾದ ಮೇಲೊಂದನ್ನು ಹಾಕಿ ನೋಡಿದರು. ಪ್ರತಿ ಸಲವೂ ಹಿಂದಿನದಕ್ಕಿಂತ ಬಿರುಸಾದುದನ್ನೇ ಆರಿಸಿದರು. ಕೊನೆಗೆ ತಿರುಚಿದ ತಂತಿಯದೊಂದನ್ನು ಹಾಕಿದ ದಿನ ಕುದುರೆ ಸುಮ್ಮನಾಯಿತು. ನನಗೂ ಸಮಾಧಾನವಾಯಿತು. ಇಳಿದು ನೋಡಿದರೆ ತುಟಿಯ ನೊರೆ ನಸುಗೆಂಪಾಗಿತ್ತು. ಅಂದು ಲಗಾಮು ಹಿಡಿದಿದ್ದವನು ನಾನು.

ಕುದುರೆಯ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಒಂದು ತೆರಪು ಉಂಟು. ಈ ತೆರಪು ಇಲ್ಲದಿದ್ದರೆ ಸಾಮ್ರಾಜ್ಯಗಳ ಚರಿತ್ರೆ ಬೇರೆಯಾಗಿಯೇ ಇರುತ್ತಿತ್ತೆಂದರೆ ಉತ್ಪ್ರೇಕ್ಷೆಯಾಗಲಾರದು. ಅಲ್ಲಿ ದವಡೆಯ ಎಲುಬು ಅಂಚುಗಟ್ಟಿದೆ. ಅದರ ಮೇಲಿನ ಹೊದಿಕೆ ಬಲು ತೆಳುವಾದುದು. ಮನುಷ್ಯನು ತನ್ನ ಕಬ್ಬಿಣವನ್ನು ಇಟ್ಟದ್ದು ಅಲ್ಲಿ. ಯಾವಾಗ ಇಟ್ಟನೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕಜಾಕಸ್ತಾನದ ಬೊಟಾಯ್ ಎಂಬಲ್ಲಿ ದೊರೆತ, ಕ್ರಿ. ಪೂ. 3500ರ ಸುಮಾರಿನ ಕುದುರೆಹಲ್ಲುಗಳ ಸವೆತ ಕಡಿವಾಣದ್ದೇ ಅಲ್ಲವೇ ಎಂದು ವಿದ್ವಾಂಸರು ವಾದಿಸುತ್ತಿದ್ದಾರೆ. ಆ ವಾದ ಅವರಿಗಿರಲಿ.

ಈ ವಿಷಯವಾಗಿ ಬಾಯಿಬಿಟ್ಟು ಮಾತನಾಡಿದ ಪ್ರಾಚೀನರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಅಥೆನ್ಸಿನ ಕ್ಸೆನೊಫನ್. ಸಾಕ್ರಟೀಸನ ಶಿಷ್ಯ, ಕ್ರಿ. ಪೂ. 401ರಲ್ಲಿ ಪರ್ಷಿಯದ ರಾಜಕುಮಾರನೊಬ್ಬನ ಪರವಾಗಿ ಹೋರಾಡಲು ಹೋಗಿ, ಆ ರಾಜಕುಮಾರ ಸತ್ತ ಮೇಲೆ ಹತ್ತು ಸಾವಿರ ಗ್ರೀಕರನ್ನು ಪರನಾಡಿನ ನಡುವಿನಿಂದ ಹಿಂದಕ್ಕೆ ಕರೆತಂದ ನಾಯಕರಲ್ಲಿ ಒಬ್ಬ. ಇಂಥ ಯುದ್ಧನಿಪುಣನು ಕುದುರೆಸವಾರಿಯನ್ನು ಕುರಿತು ಬರೆದ ಪುಟ್ಟ ಗ್ರಂಥವೊಂದು ಉಳಿದುಬಂದಿದೆ. ಅವನ ಕಾಲದಲ್ಲಿ ರಿಕಾಪು ಇರಲಿಲ್ಲವೆಂಬುದನ್ನು ನೆನಪಿಡಬೇಕು. ಕಾಲಿಗೆ ಆಸರೆಯಿಲ್ಲದ ಸವಾರನು ಆಯ ತಪ್ಪಿದಾಗ ಹಿಡಿದು ತೂಗುವುದು ಲಗಾಮನ್ನೇ, ಎಂದರೆ ಕುದುರೆಯ ಬಾಯನ್ನೇ. ಆದುದರಿಂದಲೇ ಕ್ಸೆನೊಫನ್ ಹೇಳುತ್ತಾನೆ: ಹಳ್ಳ ಹಾರಿಸುವಾಗ, ದಿಬ್ಬ ಹತ್ತಿಸುವಾಗ ಕೇಸರವನ್ನು ಹಿಡಿದುಕೊಳ್ಳುವುದು ಮೇಲು, ನೆಲದ ಕಷ್ಟದ ಜೊತೆಗೆ ಕಡಿವಾಣದ ಕಷ್ಟವನ್ನೂ ಕುದುರೆಗೆ ಕೊಡಬಾರದು.

ರೊಚ್ಚಿನ, ಉದ್ವೇಗದ ಕುದುರೆಯ ಮಾತಿಗೆ ಅವನು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮನುಷ್ಯನಿಗೆ ಕೋಪ ಹೇಗೋ ಕುದುರೆಗೆ ಈ ರೊಚ್ಚು ಹಾಗೆ. ಬಿರುನುಡಿಯಿಲ್ಲದಿದ್ದರೆ ಮನುಷ್ಯ ಕೆರಳುವುದಿಲ್ಲ, ಕುದುರೆಯೂ ಅಷ್ಟೆ. ಇಂಥ ಕುದುರೆಗೆ ಒರಟು ಕಡಿವಾಣಕ್ಕಿಂತ ನಯವಾದುದೇ ತಕ್ಕುದು. ಒರಟನ್ನೇ ಹಾಕಬೇಕಾಗಿ ಬಂದರೆ ಕೈಯ ಹಗುರದಿಂದ ಅದನ್ನು ನಯವಾಗಿಸಬೇಕು. ನಮ್ಮ ಲಾಯದ ಗೋಡೆಯಲ್ಲಿ ನಡೆದದ್ದು ಇದಕ್ಕೆ ನೇರ ವಿರುದ್ಧವಾದ ಕ್ರಮ.

ಕಡಿವಾಣದ ರಚನೆಯ ಬಗೆಗೆ ಅವನ ಮಾತು ಇನ್ನೂ ಸೂಕ್ಷ್ಮ. ಬಗ್ಗದ ಸಲಾಕೆಯಾದರೆ ಕುದುರೆ ಅದನ್ನು ಇಡಿಯಾಗಿ ದವಡೆಗೆ ಒತ್ತಿ ಹಿಡಿದುಬಿಡುತ್ತದೆ. ಸರಪಣಿಯಂತೆ ಬಳುಕುವುದಾದರೆ ಹಿಡಿದ ಭಾಗವಷ್ಟೆ ನಿಲ್ಲುತ್ತದೆ, ಉಳಿದುದು ಜೋಲುತ್ತದೆ. ತಪ್ಪಿಸಿಕೊಂಡ ತುಂಡನ್ನು ಹುಡುಕುತ್ತ ಕುದುರೆ ಹಿಡಿದುದನ್ನೂ ಬಿಡುತ್ತದೆ. ನಡುವೆ ಪುಟ್ಟ ಬಳೆಗಳನ್ನು ತೂಗಹಾಕುವುದೂ ಇದಕ್ಕೇ ಅಂತೆ: ನಾಲಗೆಯಿಂದ ಅವುಗಳನ್ನು ಅರಸುತ್ತ ಕುದುರೆಯ ದವಡೆ ಸಡಿಲಾಗಲಿ ಎಂದು. ಇಪ್ಪತ್ತಮೂರು ಶತಮಾನಗಳ ಹಿಂದೆ ಒಬ್ಬ ಸೇನಾನಿ ಕುದುರೆಯ ನಾಲಗೆ ಏನು ಮಾಡುತ್ತಿದೆಯೆಂದು ಇಷ್ಟು ತಾಳ್ಮೆಯಿಂದ ಯೋಚಿಸಿದ್ದನೆಂಬುದನ್ನು ಓದಿ ನಾನು ಬೆರಗಾದೆ.

ಆದರೆ ಅವನನ್ನು ಸಂತನನ್ನಾಗಿ ಮಾಡುವುದು ಬೇಡ. ಪ್ರತಿ ಸವಾರನ ಹತ್ತಿರವೂ ಎರಡು ಕಡಿವಾಣಗಳಾದರೂ ಇರಬೇಕೆಂದು ಅವನೇ ಹೇಳುತ್ತಾನೆ. ಒಂದು ನಯ, ಇನ್ನೊಂದು ಮುಳ್ಳಿನದು. ಆ ಮುಳ್ಳಿನ ಉರುಳೆಗೆ ಗ್ರೀಕರು ಇಟ್ಟ ಹೆಸರು ಮುಳ್ಳುಹಂದಿಯ ಜಾತಿಯ ಪ್ರಾಣಿಗಳದು. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಇಂಥ ಕಂಚಿನ ಕಡಿವಾಣಗಳ ಚಿತ್ರವನ್ನು ನೋಡಿದರೆ ನಮ್ಮ ಬಾಯಿಯೇ ಜುಮ್ಮೆನ್ನುತ್ತದೆ. ಮುಳ್ಳಿನದರಲ್ಲಿ ಪಾಠ ಕಲಿತ ಕುದುರೆ ನಯವಾದುದು ಬಂದಾಗ ಸಂತೋಷದಿಂದ ಅದೇ ಪಾಠವನ್ನು ಒಪ್ಪಿಸುತ್ತದೆ ಎಂಬುದು ಅವನ ಸಮರ್ಥನೆ. ಈ ಸಮರ್ಥನೆ ನನಗೆ ಒಪ್ಪಿಗೆಯಿಲ್ಲ. ಬೆತ್ತವನ್ನು ಕಪಾಟಿನಲ್ಲಿಟ್ಟು ನಗುನಗುತ್ತ ಪಾಠ ಹೇಳುವ ಮೇಷ್ಟರನ್ನು ನಾವೆಲ್ಲ ಕಂಡವರೇ. ಬಲವಂತದಿಂದ ಕುದುರೆ ಮಾಡುವ ಕೆಲಸದಲ್ಲಿ ಚೆಲುವಿಲ್ಲ, ನರ್ತಕನನ್ನು ಚಾವಟಿಯಿಂದ ಹೊಡೆದು ಕುಣಿಸಿದಂತೆ ಎಂದು ಮುಂದಿನ ಅಧ್ಯಾಯದಲ್ಲಿ ಬರೆಯುವವನೂ ಇವನೇ.

ಕ್ಸೆನೊಫನ್ ತೀರಿಕೊಳ್ಳುವ ಹೊತ್ತಿಗೆ ಮೆಸಿಡೋನಿಯದಲ್ಲಿ ಅಲೆಗ್ಸಾಂಡರ್ ತೊಟ್ಟಿಲ ಕೂಸು. ಮುಂದೆ ಆ ಹುಡುಗನು ಬ್ಯುಸಿಫಲಸ್ ಎಂಬ ಕುದುರೆಯನ್ನು ಪಳಗಿಸಿದ ಕಥೆ ನಮ್ಮ ಶಾಲಾಪಾಠಗಳಿಗೂ ಬಂದಿದೆ. ಕುದುರೆ ತನ್ನ ನೆರಳಿಗೇ ಬೆದರುತ್ತಿದೆಯೆಂದು ಕಂಡು ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದ್ದು ಎಲ್ಲರಿಗೂ ನೆನಪಿದೆ. ಪ್ಲುಟಾರ್ಕನ ಬರವಣಿಗೆಯಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತುಂಟು, ಅದನ್ನು ಪಾಠದವರು ಬಿಟ್ಟುಬಿಟ್ಟರು: ಹತ್ತಿ ಕುಳಿತ ಹುಡುಗನು ಹೊಡೆಯದೆ, ಬಾಯನ್ನು ಹರಿಯದೆ, ಲಗಾಮಿನಿಂದ ಕಡಿವಾಣವನ್ನು ಮೆಲ್ಲಗೆ ತಡೆಹಿಡಿದನು.

ಅಲ್ಲಿ ಪ್ಲುಟಾರ್ಕನು ಕಡಿವಾಣಕ್ಕೆ ಬಳಸಿದ ಗ್ರೀಕ್ ಮಾತು 'ಖಲಿನೋಸ್'. ಅಮರಕೋಶವನ್ನು ಬಾಯಿಪಾಠ ಮಾಡಿದವರು ಇಷ್ಟರಲ್ಲಿ ಕಿವಿ ನಿಮಿರಿಸಿರಬೇಕು. ಕಡಿವಾಣಕ್ಕೆ ಅಮರಸಿಂಹನು ಕೊಡುವ ಹೆಸರುಗಳಲ್ಲಿ 'ಕವಿಕಾ' ಒಂದು, 'ಖಲೀನ' ಇನ್ನೊಂದು. ಸಂಸ್ಕೃತದ ಖಲೀನವು ಗ್ರೀಕಿನಿಂದ ಬಂದುದೆಂಬುದು ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿಯ ಅಭಿಪ್ರಾಯ. ವೇದಕಾಲದಿಂದ ಕುದುರೆಯನ್ನು ಬಲ್ಲ ನಾಡು ಯವನರಿಂದ ಕಡಿವಾಣಕ್ಕೆ ಮತ್ತೊಂದು ಹೆಸರನ್ನು ಪಡೆಯಿತು. ಹೆಸರಿನ ಜೊತೆಗೆ ಆ ಪುಟ್ಟ ಬಳೆಗಳ ವಿವೇಕವೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಯೂರೋಪಿನಲ್ಲಿಯೇ ಆ ವಿವೇಕ ಬಹುಕಾಲ ಮರೆಯಾಗಿತ್ತು. ನೇಪಲ್ಸಿನ ಗ್ರಿಸೋನೆ 1550ರಲ್ಲಿ ಅಚ್ಚು ಹಾಕಿಸಿದ ಸವಾರಿಯ ಗ್ರಂಥದಲ್ಲಿ ಹತ್ತಾರು ಕಡಿವಾಣಗಳ ಚಿತ್ರಗಳಿವೆ. ಹಟಮಾರಿ ಕುದುರೆಗೆ ಅವನು ಹೇಳುವ ಶಿಕ್ಷೆಗಳನ್ನು ಇಲ್ಲಿ ಹೇಳದಿರುವುದೇ ಲೇಸು. ಫ್ರಾನ್ಸಿನ ಹದಿಮೂರನೆಯ ಲೂಯಿಗೆ ಸವಾರಿ ಕಲಿಸಿದ ಪ್ಲುವಿನೆಲ್ ಮೃದುಮಾರ್ಗಕ್ಕೆ ಮರಳಿದನು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾಟ ಇನ್ನೊಂದು ರೂಪದಲ್ಲಿ ಬಂತು. ಗಾಡಿಯ ಕುದುರೆಗಳ ತಲೆ ಠೀವಿಯಿಂದ ಎತ್ತಿರಬೇಕೆಂದು ಕಡಿವಾಣವನ್ನು ಒಂದು ಪಟ್ಟಿಯಿಂದ ಹಿಂದಕ್ಕೆ ಬಿಗಿದು ಕಟ್ಟುವುದು ಶ್ರೀಮಂತರ ಷೋಕಿಯಾಗಿತ್ತು. ಎಡ್ವರ್ಡ್ ಫೋರ್ಡ್‌ಹ್ಯಾಮ್ ಫ್ಲವರ್ 1875ರಲ್ಲಿ ಇದರ ವಿರುದ್ಧ ಒಂದು ಕಿರುಹೊತ್ತಗೆ ಬರೆದನು. ಎರಡು ವರ್ಷಗಳ ಮೇಲೆ, 1877ರಲ್ಲಿ, ಆ್ಯನಾ ಸ್ಯೂವೆಲ್ ಎಂಬಾಕೆಯ 'ಬ್ಲ್ಯಾಕ್ ಬ್ಯೂಟಿ' ಹೊರಬಂದಿತು. ಹುಡುಗಿಯಾಗಿದ್ದಾಗ ಜಾರಿಬಿದ್ದು ಕಾಲು ಕೆಡಿಸಿಕೊಂಡು, ಓಡಾಟಕ್ಕೆಲ್ಲ ಕುದುರೆಗಾಡಿಯನ್ನೇ ನಂಬಿ ಬಾಳಿದ ಹೆಂಗಸು ಆಕೆ. ಅವಳ ಪುಸ್ತಕದಲ್ಲಿ ಕಥೆ ಹೇಳುವುದು ಕುದುರೆಯೇ; ಕಬ್ಬಿಣ ಬಾಯಿಗೆ ಹೋದಾಗ ಹೇಗಿರುತ್ತದೆಂಬುದನ್ನು ಬಾಯಿಯೇ ಹೇಳಿತು. ಪುಸ್ತಕ ಬಂದ ಕೆಲವೇ ತಿಂಗಳಲ್ಲಿ, 1878ರಲ್ಲಿ, ಆಕೆ ತೀರಿಕೊಂಡಳು.

ಇದೆಲ್ಲ ಹಳೆಯ ಕಥೆಯೆಂದು ಭಾವಿಸುವಂತಿಲ್ಲ. ಫಿನ್ಲೆಂಡಿನ ಪಶುವೈದ್ಯರು ಓಟದ ಪಂದ್ಯ ಮುಗಿಸಿ ಬಂದ 261 ಗಾಡಿಕುದುರೆಗಳ ಬಾಯಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ 84ರಲ್ಲಿ ಕಡಿವಾಣದ ಜಾಗದಲ್ಲಿ ಹೊಸ ಗಾಯಗಳಿದ್ದವು. ಹೊರಗೆ ರಕ್ತ ಕಂಡದ್ದು ಕೆಲವೇ ಕುದುರೆಗಳಲ್ಲಿ.

ನಮ್ಮ ಹೆಣ್ಣು ಕುದುರೆಗೆ ಏನಾಯಿತೆಂದು ಕೇಳುತ್ತೀರಿ. ನಸುಗೆಂಪು ನೊರೆಯನ್ನು ಕಂಡ ಮರುದಿನ ಪಶುವೈದ್ಯರನ್ನು ಕರೆಸಲಾಯಿತು. ಅವರು ಗೋಡೆಯ ಕಡೆಗೆ ನೋಡಲೇ ಇಲ್ಲ. ಬಾಯಿ ತೆರೆಸಿ ಬೆರಳಾಡಿಸಿದರು. ದವಡೆಹಲ್ಲಿನ ಮುಂದೆ ಅರ್ಧ ಮೊಳೆತ ಒಂದು ಸಣ್ಣ ಹೆಚ್ಚಿನ ಹಲ್ಲು ಇತ್ತು. ಕಬ್ಬಿಣ ತಾಗುತ್ತಿದ್ದುದು ಅದಕ್ಕೆ. ಹಲ್ಲನ್ನು ಕಿತ್ತು, ಗಾಯ ಮಾಯುವ ತನಕ ಬಾಯಿಗೆ ಏನನ್ನೂ ಹಾಕಕೂಡದೆಂದರು.

ಆಮೇಲೆ ಕಡಿವಾಣ ಆರಿಸಲು ಕುಳಿತಾಗ ನಾನೂ ಜೊತೆಯಲ್ಲಿದ್ದೆ. ದಪ್ಪವಾದಷ್ಟೂ ಮೃದುವೆಂಬುದು ಲಾಯದವರ ನಂಬಿಕೆ. ವೈದ್ಯರು ತಲೆಯಾಡಿಸಿದರು. ಮುಚ್ಚಿದ ಬಾಯಿಯೊಳಗೆ ನಾಲಗೆಯೇ ತುಂಬಿಕೊಂಡಿರುತ್ತದೆ; ಈ ಕುದುರೆಯ ನಾಲಗೆ ದಪ್ಪ, ಅಂಗಳು ತಗ್ಗು; ದಪ್ಪ ಕಬ್ಬಿಣಕ್ಕೆ ಎಡೆಯೆಲ್ಲಿ? ನಡುವೆ ಒಂದೇ ಕೀಲಿರುವುದು ಲಗಾಮು ಎಳೆದಾಗ ಅಡಕತ್ತರಿಯಂತೆ ಮಡಿಚಿ ನಾಲಗೆಯನ್ನು ಎರಡು ಕಡೆಯಿಂದಲೂ ಅದುಮುತ್ತದೆ. ಆದುದರಿಂದ ತೆಳುವಾದ, ಎರಡು ಕೀಲುಗಳ ನಡುವೆ ಕಡಲೆಬೀಜದಂಥ ನುಣುಪಾದ ತುಂಡಿರುವ ಒಂದನ್ನು ತೆಗೆದರು. ತುಟಿಯಾಚೆಗೆ ಎರಡು ಬದಿಗೂ ಅರ್ಧ ಸೆಂಟಿಮೀಟರಿನಷ್ಟು ಉಳಿಯುವಂತೆ ಅಳತೆ ನೋಡಿದರು. ತೀರ ಮೇಲಕ್ಕೆ ಬಿಗಿದರೆ ಬಾಯಿ ಮರಗಟ್ಟುತ್ತದೆ, ಕೆಳಗೆ ಜೋತರೆ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತದೆ ಎಂದು ಪಟ್ಟಿಯನ್ನು ಒಂದು ತೂತು ಸಡಿಲಿಸಿದರು. ಈ ಮಾತೂ ಕ್ಸೆನೊಫನ್ನನಲ್ಲಿ ಇದೆಯೆಂಬುದು ನನಗೆ ಗೊತ್ತಾದದ್ದು ಅನಂತರ.

ನಾನು ಹತ್ತಲಿಲ್ಲ, ಪಕ್ಕದಲ್ಲಿ ನಿಂತು ನೋಡಿದೆ. ಮೊದಲು ತಲೆ ಎಗರಿಸಿತು, ಅಭ್ಯಾಸಬಲ. ಸ್ವಲ್ಪ ಹೊತ್ತಿಗೆ ಕಟಕಟ ನಿಂತಿತು. ತುಟಿಯ ಸಂದಿಯಲ್ಲಿ ನಾಲಗೆಯ ಅಂಚು ಕಾಣಿಸಿತು. ಅದು ನಡುವಿನ ಆ ಸಣ್ಣ ತುಂಡನ್ನು ಹುಡುಕುತ್ತ, ಸಿಕ್ಕಾಗ ಬಿಡುತ್ತ, ಮತ್ತೆ ಹುಡುಕುತ್ತ ಇತ್ತು.