ಕಾಲುಚೀಲದ ಮೇಲಿನ ಹೂಬಳ್ಳಿ

ಕಸೂತಿ ಕಲಿಯಹೊರಟವರಿಗೆ ಒಂದು ಜೊತೆ ಸಾದಾ ಕಾಲುಚೀಲ ಒಳ್ಳೆಯ ಮೊದಲ ಪಾಠ. ಬಟ್ಟೆ ಚಿಕ್ಕದು, ಖರ್ಚು ಅಲ್ಪ. ಹೂವು ಸೊಟ್ಟಗಾದರೆ ಬೂಟಿನೊಳಗೆ ಮರೆಯಾಗುತ್ತದೆ. ಬಿಡುವಿನ ವೇಳೆಯ ಈ ಹವ್ಯಾಸಕ್ಕೆ ನಾನೂರು ವರ್ಷಗಳನ್ನು ಮೀರಿದ ಚರಿತ್ರೆಯಿದೆಯೆಂದರೆ ಹಲವರಿಗೆ ಅಚ್ಚರಿಯಾದೀತು. ಆ ಚರಿತ್ರೆಯಲ್ಲಿ ಅರಮನೆಯ ಬೆಡಗೂ ಉಂಟು, ಬಡವರ ಮನೆಯ ದುಡಿಮೆಯೂ ಉಂಟು.

ಹೆಣಿಗೆಯ ಕಾಲುಚೀಲ ರೂಢಿಗೆ ಬರುವ ಮುನ್ನ ಯೂರೋಪಿನ ಜನ ನೇಯ್ದ ಬಟ್ಟೆಯನ್ನು ಕತ್ತರಿಸಿ, ಕಾಲಿನ ಅಳತೆಗೆ ಹೊಲಿದು ತೊಡುತ್ತಿದ್ದರು. ನೇಯ್ದ ಬಟ್ಟೆ ಹಿಗ್ಗುವುದು ಕಡಿಮೆ. ಆದ್ದರಿಂದ ಹರಡಿನ ಬಳಿ ಮುಕ್ಕೋನಾಕಾರದ ತುಂಡೊಂದನ್ನು ಸೇರಿಸಿ ಹೊಲಿಯಬೇಕಾಗಿತ್ತು. ಆ ಹೊಲಿಗೆಯ ಗೆರೆಯನ್ನು ಮರೆಮಾಡಲು ಅದರ ಮೇಲೆ ರೇಷ್ಮೆ ದಾರದ ಕಸೂತಿ ಹಾಕುವುದಿತ್ತು. ಮುಂದೆ ಹೆಣಿಗೆ ಬಂದು ಮರೆಮಾಡುವ ಅಗತ್ಯ ತಪ್ಪಿದರೂ ಅಲಂಕಾರ ಮಾತ್ರ ಉಳಿದುಕೊಂಡಿತು. ಇಂಗ್ಲಿಷರು ಇದನ್ನು 'ಕ್ಲಾಕ್' ಎಂದು ಕರೆದರು. ಹೆಸರು ಕೇಳಿ ಗೋಡೆಯ ಗಡಿಯಾರವನ್ನು ನೆನೆಯಬೇಕಾಗಿಲ್ಲ. ಇದು ಹರಡಿನಿಂದ ಮೇಲಕ್ಕೇರುವ ಹೂಬಳ್ಳಿ.

ಈ ಬಳ್ಳಿ ಆ ಕಾಲಕ್ಕೇ ಮಡಿವಂತರ ಕಣ್ಣು ಕುಕ್ಕಿತ್ತು. ಫಿಲಿಪ್ ಸ್ಟಬ್ಸ್ ಎಂಬ ಲೇಖಕ 1583ರಲ್ಲಿ ತನ್ನ ಪುಸ್ತಕದಲ್ಲಿ ಕಾಲುಚೀಲದ ಈ ಷೋಕಿಯನ್ನು ಚೆನ್ನಾಗಿ ಝಾಡಿಸಿದ. ಹರಡಿನ ಮೇಲೆ ಚಿನ್ನ ಬೆಳ್ಳಿಯ ಎಳೆಗಳು ಬೇರೆ ಬೇಕೇ ಎಂಬುದು ಅವನ ಆಕ್ಷೇಪ. ಕೈಯಲ್ಲಿ ಕಾಸಿಲ್ಲದವರೂ ರೇಷ್ಮೆಯ ಕಾಲುಚೀಲಕ್ಕೆ ಆಸೆಪಡುವರಲ್ಲಾ ಎಂಬುದು ಅದಕ್ಕಿಂತ ದೊಡ್ಡ ಸಂಕಟ.

ಇದಾದ ಆರು ವರ್ಷಕ್ಕೆ, 1589ರಲ್ಲಿ, ನಾಟಿಂಗ್‌ಹ್ಯಾಮ್ ಸೀಮೆಯ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದ. ಕೈಹೆಣಿಗೆಯ ಬಡವರ ಅನ್ನಕ್ಕೆ ಕಲ್ಲು ಬಿದ್ದೀತೆಂದು ಎಲಿಜಬೆತ್ ರಾಣಿ ಅವನಿಗೆ ಪೇಟೆಂಟ್ ಕೊಡಲಿಲ್ಲವೆಂದು ಪ್ರತೀತಿ. ಅವನು ಫ್ರಾನ್ಸಿಗೆ ಹೋಗಿ ಅಲ್ಲಿಯೇ ತೀರಿಕೊಂಡ. ಆದರೆ ಯಂತ್ರ ಸಾಯಲಿಲ್ಲ. 1844ರ ವೇಳೆಗೆ ಬ್ರಿಟನ್ನಿನಲ್ಲಿ ಇಂಥ ಸುಮಾರು 48,000 ಯಂತ್ರಗಳಿದ್ದವು. ಅವುಗಳಲ್ಲಿ ಬಹಳಷ್ಟು ಕೆಲಸಗಾರರ ಮನೆಗಳಲ್ಲಿಯೇ ಇದ್ದವು. ಗಂಡಸು ಯಂತ್ರ ನಡೆಸಿದರೆ, ಹೆಂಗಸರು ಅಂಚು ಕೂಡಿಸಿ ಹೊಲಿಯುವರು. ಮಕ್ಕಳು ನೂಲು ಸುತ್ತುವರು. ಯಂತ್ರಕ್ಕೆ ಬಾಡಿಗೆಯನ್ನು ಕೆಲಸಗಾರನೇ ತೆರಬೇಕು. ಕೂಲಿ ಇಳಿದು ಹೊಟ್ಟೆ ಉರಿದಾಗ, 1811-12ರಲ್ಲಿ, ಅವರು ಯಂತ್ರಗಳನ್ನು ಒಡೆದುಹಾಕಿದರು. ಒಡೆದವರಿಗೆ ಮರಣದಂಡನೆ ವಿಧಿಸುವ ಮಸೂದೆ ಬಂದಾಗ, 1812ರ ಫೆಬ್ರುವರಿಯಲ್ಲಿ ಲಾರ್ಡ್ಸ್ ಸಭೆಯಲ್ಲಿ ಅದನ್ನು ವಿರೋಧಿಸಿ ಮಾತನಾಡಿದವನು ಕವಿ ಬೈರನ್.

ಯಂತ್ರದಿಂದ ಇಳಿದ ಕಾಲುಚೀಲ ಸಾದಾ. ಅದರ ಮೇಲೆ ಹೂ ಅರಳಿಸಲು ಮನುಷ್ಯರ ಬೆರಳುಗಳೇ ಬೇಕಾದವು. ಡರ್ಬಿಷೈರ್, ನಾಟಿಂಗ್‌ಹ್ಯಾಮ್‌ಷೈರ್ ಪ್ರಾಂತಗಳಲ್ಲಿ ಈ ಕೆಲಸಕ್ಕೆ 'ಚೆವೆನಿಂಗ್' ಎಂದು ಹೆಸರು. ಬೆಲ್ಪರ್ ಊರು ಇದಕ್ಕೆ ಪ್ರಸಿದ್ಧ. ಹೆಂಗಸರು ಕೂಲಿ ಲೆಕ್ಕದಲ್ಲಿ ಕೆಲಸ ತಂದು ಮನೆಯಲ್ಲಿ ಕಸೂತಿ ಹಾಕಿ ಒಪ್ಪಿಸುತ್ತಿದ್ದರು. ಹೆಣ್ಣುಮಕ್ಕಳು ಚಿಕ್ಕಂದಿನಲ್ಲಿಯೇ ತಾಯಿಯ ಬಳಿಯೋ ನೆರೆಮನೆಯವಳ ಬಳಿಯೋ ಸೂಜಿ ಹಿಡಿಯುವರು. ವಿಕ್ಟೋರಿಯಾ ರಾಣಿಯ ಕಾಲುಚೀಲಗಳ ಮೇಲೂ ಕಿರೀಟವನ್ನೂ ಅವಳ ಹೆಸರಿನ ಅಕ್ಷರಗಳನ್ನೂ ದಾರದಲ್ಲಿ ಮೂಡಿಸುತ್ತಿದ್ದರು. ಅಂಥ ಕೆಲವು ಜೊತೆಗಳು ಈಗಲೂ ಉಳಿದಿವೆ. ತೊಟ್ಟವಳ ಹೆಸರು ಅವುಗಳ ಮೇಲೆಯೇ ಇದೆ. ಹಾಗೆ ಸೂಜಿ ಹಿಡಿದು ಬಾಳಿದ ನೂರಾರು ಹೆಂಗಸರ ಹೆಸರು ಎಲ್ಲಿಯೂ ಇಲ್ಲ. ಇಂದು ನಮಗೆ ಹೊತ್ತು ಕಳೆಯುವ ಕಲೆಯಾಗಿರುವುದು ಅವರಿಗೆ ಮನೆಬಾಡಿಗೆ, ರೊಟ್ಟಿಯ ಮಾತಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರವೇ ಕಸೂತಿಯನ್ನೂ ಹಾಕತೊಡಗಿತು; ಷೋಕಿಯೂ ಬದಲಾಯಿತು. 1940ರಲ್ಲಿ ಅಮೆರಿಕದಲ್ಲಿ ನೈಲಾನ್ ಕಾಲುಚೀಲ ಅಂಗಡಿಗೆ ಬಂದಿತು. ಜನ ತೆಳುವಾದ, ಸಾದಾ ಚೀಲಗಳಿಗೇ ಮುಗಿಬಿದ್ದರು. ಚೆವೆನಿಂಗ್ ವೃತ್ತಿ ಮೆಲ್ಲಗೆ ಕಣ್ಮರೆಯಾಯಿತು. ವೃತ್ತಿ ಅಳಿದ ಮೇಲೆ ಅದು ಹವ್ಯಾಸವಾಗಿ ಮರಳಿದೆ.

ಇದನ್ನು ಕೈಗೊಳ್ಳುವವರಿಗೆ ನಮ್ಮ ಧಾರವಾಡದ ಕಸೂತಿಯಲ್ಲಿ ಒಂದು ಬುದ್ಧಿಮಾತಿದೆ. ಅಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಕಾಲುಚೀಲಕ್ಕೂ ಇದೇ ನೀತಿ: ಒಳಗೆ ಗಂಟಿದ್ದರೆ ನಡೆಯುವಾಗ ಚುಚ್ಚುತ್ತದೆ, ದಾರದ ತುದಿಯನ್ನು ಹಿಂಬದಿಯ ಹೊಲಿಗೆಯಲ್ಲಿಯೇ ನುಸುಳಿಸಿ ಬಿಡಬೇಕು. ಆದರೆ ಧಾರವಾಡದವರು ಎಳೆ ಎಣಿಸುವಂತೆ ಇಲ್ಲಿ ಎಣಿಸಲಾಗದು. ಹೆಣಿಗೆಯ ಬಟ್ಟೆ ಹಿಗ್ಗುತ್ತದೆ, ಕುಗ್ಗುತ್ತದೆ. ಚೀಲದೊಳಗೆ ಚೆಂಡನ್ನೋ ರಟ್ಟನ್ನೋ ಇಟ್ಟುಕೊಂಡರೆ ಎರಡು ಪದರ ಸೇರಿ ಹೊಲಿದುಹೋಗುವ ಭಯವಿಲ್ಲ. ದಾರವನ್ನು ಬಿಗಿಯಾಗಿ ಎಳೆಯಬಾರದು. ಎಳೆದರೆ ಕಾಲು ತೂರಿಸುವಾಗ ಕಿತ್ತುಬರುತ್ತದೆ. ಸರಪಳಿ ಹೊಲಿಗೆಯಿಂದ ತೊಡಗುವುದು ಸುಲಭ. ಪಾದ ಒರಸುವ ಕಡೆ ಬಿಟ್ಟು, ಹರಡಿನ ಮೇಲೆ ಹೂ ಹಾಕುವುದು ಜಾಣತನ.

ಬೆಲ್ಪರಿನ ಹೆಂಗಸರೂ ಹಾಕುತ್ತಿದ್ದುದು ಅಲ್ಲಿಯೇ. ಒಂದು ಬಳ್ಳಿ ಮುಗಿಸುವ ಹೊತ್ತಿಗೆ ಕತ್ತು ನೊಂದು ಕಣ್ಣು ಮಂಜಾದಾಗ, ಅವರು ದಿನವೆಲ್ಲ ಹೀಗೆಯೇ ಕುಳಿತಿದ್ದರೆಂಬ ಅರಿವು ನಮಗೆ ಬಂದರೆ, ಆ ಹೆಸರಿಲ್ಲದವರಿಗೆ ಅಷ್ಟಾದರೂ ಸಂದಂತಾಯಿತು.